ಜೇಬಿನಲ್ಲೊಂದು ಚಾಕು ಇರಲಿ



ಕಳೆದ ತಿಂಗಳು ಸಂಘದ ಆಡಳಿತ ಮಂಡಳಿಯ ಸಭೆ ನಡೆಯುತ್ತಿದ್ದಾಗ ಮಳಿಗೆಗೆ ಮೈಲುತುತ್ತದ ಮೂಟೆಗಳು ಬಂದವು. ಒಂದು ಮೂಟೆಯ ಬಾಯಿ ಬಿಚ್ಚಿ ಮಾಲು ನೋಡಬೇಕಾಗಿತ್ತು. ಚಾಕು ಯಾರ ಬಳಿ ಇದೆ ಎಂದು ಕೇಳಿದರೆ, ಅಲ್ಲಿದ್ದ ಒಂಬತ್ತು ಮಂದಿ ತೋಟಗಾರರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಂಬತ್ತು ಜೇಬುಗಳಲ್ಲೂ ಮೊಬೈಲ್ ಇತ್ತು, ಒಂದರಲ್ಲೂ ಚಾಕು ಇರಲಿಲ್ಲ. ಕೊನೆಗೆ ಒಬ್ಬ ಹಿರಿಯರು ಮೂಟೆಯ ದಾರಕ್ಕೆ ಹಲ್ಲು ಹಾಕಲು ಬಗ್ಗಿದರು. ಮೈಲುತುತ್ತ ನಾಲಿಗೆಗೆ ತಾಗಬಾರದ ವಸ್ತು ಎಂದು ನಾನು ಅವರ ಭುಜ ಹಿಡಿದು ತಡೆಯಬೇಕಾಯಿತು. ಔಷಧಿಯ ಪೊಟ್ಟಣವನ್ನು ಹಲ್ಲಿನಿಂದ ಕಚ್ಚಿ ಹರಿಯುವ ಅಭ್ಯಾಸ ನಮ್ಮಲ್ಲಿ ಎಷ್ಟು ಮಂದಿಗಿದೆ ಎಂಬುದನ್ನು ಎದೆಯ ಮೇಲೆ ಕೈಯಿಟ್ಟು ನೀವೇ ಹೇಳಿ.

ನಮ್ಮ ತಂದೆಯವರ ಕಾಲದಲ್ಲಿ ಹೀಗಿರಲಿಲ್ಲ. ಎಲೆಅಡಿಕೆ ಸಂಚಿಯಲ್ಲಿ ಅಡಕತ್ತರಿಯ ಪಕ್ಕದಲ್ಲೇ ಒಂದು ಮಡಚುವ ಚಾಕು ಇರುತ್ತಿತ್ತು. ನಮ್ಮ ತಂದೆಯವರದು ಸಿದ್ಧಗಂಗೆಯ ಜಾತ್ರೆಯಲ್ಲಿ ಎತ್ತಿನ ಜೋಡಿಯ ಜೊತೆಗೆ ಕೊಂಡುತಂದದ್ದು. ಎತ್ತುಗಳು ಹೋದವು, ತಂದೆಯವರೂ ಹೋದರು. ಚಾಕು ಇನ್ನೂ ಇದೆ. ಮಸೆದು ಮಸೆದು ಅಲಗು ಅರ್ಧಕ್ಕೆ ಸವೆದಿದ್ದರೂ ಈಗಲೂ ವೀಳ್ಯದ ಬಳ್ಳಿಯನ್ನು ಒಂದೇ ಎಳೆತಕ್ಕೆ ಕತ್ತರಿಸುತ್ತದೆ.

ಈ ಚಾಕಿನ ಮಾತನ್ನು ಇಲ್ಲಿ ಎತ್ತಲು ಕಾರಣ ನನ್ನದೇ ಒಂದು ತಪ್ಪು. ಅದನ್ನು ಮೊದಲು ಒಪ್ಪಿಕೊಂಡು ಮುಂದೆ ಹೋಗುತ್ತೇನೆ. ಆರು ವರ್ಷಗಳ ಹಿಂದೆ ಮಳಿಗೆಗೆ ಪ್ಲಾಸ್ಟಿಕ್ ಹಿಡಿಯ ಕಟರುಗಳನ್ನು ತರಿಸಿದವನು ನಾನು. ಅಲಗು ಮೊಂಡಾದರೆ ತುದಿಯ ತುಂಡನ್ನು ಪಟ್ಟನೆ ಮುರಿದು ಬಿಸಾಡಿ, ಹೊಸ ತುದಿಯನ್ನು ಮುಂದಕ್ಕೆ ತಳ್ಳಿಕೊಳ್ಳುವ ಜಾತಿಯದು. ಬೆಲೆ ಅಗ್ಗ, ಸಂಘಕ್ಕೆ ಲಾಭಾಂಶ ಚೆನ್ನ, ಸಾಣೆ ಹಿಡಿಯುವ ಗೋಜಿಲ್ಲ ಎಂದು ಸಭೆಯಲ್ಲಿ ವಾದಿಸಿ ಗೆದ್ದೆ. ಡಬ್ಬಿಗಟ್ಟಲೆ ಮಾರಾಟವೂ ಆಯಿತು. ಆದರೆ ಮುರಿದ ತುಂಡು ಎಲ್ಲಿಗೆ ಹೋಗುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ಅದು ಹೋದದ್ದು ನಮ್ಮ ಮನೆಯ ಕೊಟ್ಟಿಗೆಗೇ. ಹುಲ್ಲಿನ ಹೊರೆಯ ಹಗ್ಗವನ್ನು ಕಟರಿನಲ್ಲಿ ಕತ್ತರಿಸುವಾಗ ತುದಿ ಮುರಿದು ಮೇವಿನಲ್ಲಿ ಸೇರಿಕೊಂಡಿತ್ತು. ಹಸು ಮೇವನ್ನು ಆರಿಸಿ ತಿನ್ನುವ ಪ್ರಾಣಿಯಲ್ಲ. ನಾಲಿಗೆಯಲ್ಲಿ ಸುತ್ತಿ ನುಂಗಿ, ಆಮೇಲೆ ಮೆಲುಕು ಹಾಕುತ್ತದೆ. ನುಂಗಿದ ಮೊಳೆ, ತಂತಿ, ಅಲಗಿನ ಚೂರು ಎಲ್ಲವೂ ಅದರ ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತವೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ಒಂದು ಪೊರೆ ಮಾತ್ರ. ನಮ್ಮ ಹಸು ಮೇವು ಬಿಟ್ಟಿತು, ಬೆನ್ನು ಗೂನು ಮಾಡಿ ನಿಂತಿತು, ಎದೆಯ ಮುಂದೆ ಬಾವು ಕಟ್ಟಿಕೊಂಡಿತು. ಪಶುವೈದ್ಯರು ಬಂದು ನೋಡುವ ಹೊತ್ತಿಗೆ ಕಾಲ ಮೀರಿತ್ತು. ಸತ್ತ ಮೇಲೆ ಕೊಯ್ದು ನೋಡಿದಾಗ ಸಿಕ್ಕ ಚೂರು ನನ್ನ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಮನೆಯವರು ನನಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಅಡಿಕೆ ಬೆಳೆಯುವ ನಮಗೆ ಗೊತ್ತಿಲ್ಲದ್ದಲ್ಲ. ಕೆಲವು ರೂಪಾಯಿಗಳ ಲಾಭಾಂಶಕ್ಕಾಗಿ ನಾನು ಮಾಡಿದ್ದು ಅಂಥದೇ ಕೆಲಸ. ಆದ್ದರಿಂದ ಈಗ ಎದುರು ಪಕ್ಷದ ವಕಾಲತ್ತು ವಹಿಸುತ್ತಿದ್ದೇನೆ. ತೋಟಗಾರನಿಗೆ ಬೇಕಾದದ್ದು ಹಳೆಯ ಪದ್ಧತಿಯ, ಒಂದೇ ಅಲಗಿನ, ಮಡಚಿ ಜೇಬಿನಲ್ಲಿಡುವ ಚಾಕು.

ಮಚ್ಚು, ಕುಡುಗೋಲು ಇರುವಾಗ ಇದೇಕೆ ಎಂದು ಕೇಳಬಹುದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬುದೇ ಉತ್ತರ. ದಿನಕ್ಕೆ ಇಪ್ಪತ್ತು ಸಲ ಬರುವ ಕೆಲಸಗಳೆಲ್ಲ ಸಣ್ಣವೇ. ಬಳ್ಳಿ ಕಟ್ಟಿದ ಬಾಳೆನಾರು ಕತ್ತರಿಸುವುದು, ಹನಿ ನೀರಾವರಿಯ ಕೊಳವೆ ಕೊಯ್ಯುವುದು, ಮೆಣಸಿನ ಹಂಬು ತೆಗೆಯುವುದು, ಕಾಫಿ ಗಿಡದ ಕಂಬಚಿಗುರು ಸವರುವುದು, ಒಣಗಿದ ಅಡಿಕೆಯನ್ನು ಹೋಳು ಮಾಡಿ ಒಳಗಿನ ಬಣ್ಣ ನೋಡುವುದು. ಇವಕ್ಕೆ ಮಚ್ಚು ಹಿಡಿದರೆ ಬಳ್ಳಿಯ ಜೊತೆಗೆ ಬೆರಳೂ ಹೋಗುತ್ತದೆ.

ಹಾಗಾದರೆ ಎಂಥದನ್ನು ಕೊಳ್ಳಬೇಕು? ನನ್ನ ಅನುಭವಕ್ಕೆ ಬಂದಷ್ಟನ್ನು ಹೇಳುತ್ತೇನೆ.

ಅಲಗಿನ ಉದ್ದ ನಾಲ್ಕು ಬೆರಳಗಲ, ಅಂದರೆ ಸುಮಾರು ಮೂರು ಅಂಗುಲ ಸಾಕು. ಅದಕ್ಕಿಂತ ಉದ್ದವಾದರೆ ಜೇಬಿನಲ್ಲಿ ಕೂರುವುದಿಲ್ಲ. ಜೇಬಿನಲ್ಲಿ ಕೂರದ ಚಾಕು ಮನೆಯ ಗೂಡಿನಲ್ಲಿ ಕೂರುತ್ತದೆ.

ಎರಡನೆಯದು ಉಕ್ಕು. ಹೊಳೆಯುವ ಸ್ಟೇನ್‌ಲೆಸ್ ಉಕ್ಕು ತುಕ್ಕು ಹಿಡಿಯುವುದಿಲ್ಲ ಎಂಬುದು ನಿಜ. ಆದರೆ ಅಗ್ಗದ ಸ್ಟೇನ್‌ಲೆಸ್ ಬೇಗ ಮೊಂಡಾಗುತ್ತದೆ, ಮನೆಯ ಸಾಣೆಕಲ್ಲಿಗೆ ಬಗ್ಗುವುದೂ ಕಷ್ಟ. ಲಾರಿಯ ಪಟ್ಟಾ ಕಾಸಿ ಬಡಿದು ಹದ ಕೊಟ್ಟ ಸಾದಾ ಉಕ್ಕು ಒದ್ದೆಯಲ್ಲಿ ಬಿಟ್ಟರೆ ತುಕ್ಕು ಹಿಡಿಯುತ್ತದೆ, ಅಡಿಕೆಯ ಚೊಗರು ತಾಗಿದರೆ ಕಪ್ಪಾಗುತ್ತದೆ. ಆದರೆ ಕಲ್ಲಿನ ಮೇಲೆ ಹತ್ತು ಸಲ ಎಳೆದರೆ ಮತ್ತೆ ಹರಿತವಾಗುತ್ತದೆ. ಕಪ್ಪು ಬಣ್ಣದಿಂದ ಕೆಲಸಕ್ಕೆ ಏನೂ ತೊಂದರೆಯಿಲ್ಲ.

ಸಾದಾ ಉಕ್ಕಿನಿಂದ ಇನ್ನೊಂದು ಉಪಕಾರವಿದೆ. ಕೆನಡಾದಿಂದ ಬಂದು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ನಮ್ಮ ರೈತರಿಗೆ ಪರಿಚಯಿಸಿದರು. ಶೇಕಡಾ ಒಂದರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬುದು ಎಲ್ಲರಿಗೂ ಬಾಯಿಪಾಠ. ಆದರೆ ಸುಣ್ಣ ಹಳೆಯದಾಗಿದ್ದರೆ ಲೆಕ್ಕ ತಪ್ಪುತ್ತದೆ. ತಾಮ್ರ ಹೆಚ್ಚಾಗಿ ಎಲೆ, ಹಿಂಗಾರ ಸುಡುತ್ತವೆ. ಇದನ್ನು ಕಂಡುಹಿಡಿಯಲು ಚೆನ್ನಾಗಿ ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿಡಬೇಕು. ಅಲಗಿನ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಉಳಿದಿದೆ ಎಂದರ್ಥ. ಲೇಪ ಕೂರದಾಗುವವರೆಗೆ ಸುಣ್ಣದ ತಿಳಿಯನ್ನು ಸೇರಿಸುತ್ತ ಬರಬೇಕು. ಸ್ಟೇನ್‌ಲೆಸ್ ಅಲಗನ್ನು ನಂಬಿ ಈ ಪರೀಕ್ಷೆ ಮಾಡಲಾಗದು. ಒಂದು ಎಚ್ಚರಿಕೆ: ಔಷಧಿಯ ಕೆಲಸಕ್ಕೆ ಬಳಸಿದ ಚಾಕಿನಲ್ಲಿ ಹಣ್ಣು ಕೊಯ್ದು ತಿನ್ನಬೇಡಿ. ಹಳೆಯದೊಂದನ್ನು ಔಷಧಿಯ ಕೋಣೆಯಲ್ಲೇ ದಾರದಲ್ಲಿ ತೂಗುಹಾಕಿ. ಪೊಟ್ಟಣ ಬಿಚ್ಚಲೂ ಅದೇ ಆಗುತ್ತದೆ, ಹಲ್ಲಿಗೂ ಬಿಡುವು ಸಿಗುತ್ತದೆ.

ಮೂರನೆಯದು ಕೀಲು. ಚಾಕು ಬಿಚ್ಚಿ ಅಲಗನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ನೋಡಿ. ಲಡಲಡ ಎಂದರೆ ಅಲ್ಲೇ ಇಟ್ಟು ಬನ್ನಿ. ಬೆನ್ನಿನಲ್ಲಿ ಪಟ್ಟಿ ಸ್ಪ್ರಿಂಗ್ ಇರುವುದು ಬಿಚ್ಚುವಾಗಲೂ ಮಡಚುವಾಗಲೂ ಬಿಗಿಯಾಗಿ ನಿಲ್ಲಬೇಕು. ಆದರೆ ಸ್ಪ್ರಿಂಗ್ ಇದ್ದ ಮಾತ್ರಕ್ಕೆ ಬೀಗ ಹಾಕಿದಂತಲ್ಲ. ತುದಿಯಿಂದ ಚುಚ್ಚಿ ಒತ್ತಿದರೆ ಅಲಗು ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ. ನನ್ನ ಬಲಗೈ ತೋರುಬೆರಳಿನ ಗಾಯದ ಗುರುತು ಅದಕ್ಕೆ ಸಾಕ್ಷಿ. ಫ್ರಾನ್ಸಿನ ಸವಾಯ್ ಸೀಮೆಯ ರೈತರಿಗಾಗಿ 1890ರಲ್ಲಿ ಹುಟ್ಟಿದ ಒಪಿನೆಲ್ ಎಂಬ ಮರದ ಹಿಡಿಯ ಚಾಕಿಗೂ ಇದೇ ಕೊರತೆಯಿತ್ತು. 1955ರಲ್ಲಿ ಅದರ ಕೀಲಿಗೆ ತಿರುಗಿಸುವ ಒಂದು ಉಂಗುರ ಹಾಕಿ ಅದನ್ನು ನಿವಾರಿಸಿದರು. ಅಂಥ ಉಂಗುರ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಚಾಕಿನಿಂದ ಕೊಯ್ಯಿರಿ, ಚುಚ್ಚಬೇಡಿ.

ಹಿಡಿ ಮರದ್ದಾಗಲಿ, ಕೊಂಬಿನದಾಗಲಿ, ಬೆವರಿದ ಕೈಯಲ್ಲಿ ಜಾರಬಾರದು. ಅಲಗಿನ ಬಾಯಿ ನೇರವಾಗಿದ್ದರೆ ಕಸಿಗೂ ಒದಗುತ್ತದೆ. ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಹಳೆಯ ಹಲಸಿನ ಮರವೇ ಇಂದು ಸಿದ್ದು ಹಲಸು ಎಂದು ನಾಡಿನಾದ್ಯಂತ ಹೆಸರಾಗಿದೆ. ಹಿರೇಹಳ್ಳಿಯ ತೋಟಗಾರಿಕೆ ಕೇಂದ್ರದವರು ಆ ರೈತರೊಂದಿಗೆ 2017ರಲ್ಲಿ ಒಪ್ಪಂದ ಮಾಡಿಕೊಂಡು ಕಸಿಗಿಡಗಳನ್ನು ಬೆಳೆಸಿದರು. ಕಸಿ ಕಟ್ಟುವುದರ ಗುಟ್ಟು ಒಂದೇ ಎಳೆತದ ನುಣುಪಾದ ಕೊಯ್ತ. ಮೊಂಡು ಅಲಗು ತೊಗಟೆಯನ್ನು ಜಜ್ಜುತ್ತದೆ, ಜಜ್ಜಿದ ಕಡೆ ಕಸಿ ಕೂಡುವುದಿಲ್ಲ. ಕಟರಿನ ಹೊಸ ಅಲಗು ಈ ಕೆಲಸಕ್ಕೆ ಚೆನ್ನ ಎಂದು ಯುವಕರು ಹೇಳುವುದನ್ನು ನಾನು ಅಲ್ಲಗಳೆಯುವುದಿಲ್ಲ. ಮಸೆಯಲು ಕಲಿತವನಿಗೆ ಅದರ ಅಗತ್ಯ ಬೀಳದು ಎಂದಷ್ಟೇ ಹೇಳುತ್ತೇನೆ.

ಚಾಕು ಇಟ್ಟುಕೊಂಡರೆ ಪೊಲೀಸರು ಹಿಡಿಯುವುದಿಲ್ಲವೇ ಎಂದು ಕುಣಿಗಲ್ ಕಡೆಯ ಸದಸ್ಯರೊಬ್ಬರು ಕೇಳಿದರು. 2016ರ ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದು ಎಣಿಸುವುದು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು. ಮನೆಗೆಲಸಕ್ಕೆ, ಬೇಸಾಯಕ್ಕೆಂದು ಮಾಡಿದವುಗಳಿಗೆ ಅಲ್ಲಿಯೂ ವಿನಾಯಿತಿ ಇದೆ. ಮೂರು ಅಂಗುಲದ ಚಾಕಿಗೆ ಅಂಜಬೇಕಾಗಿಲ್ಲ. ಆದರೆ ಗುಂಡಿ ಒತ್ತಿದರೆ ಚಿಮ್ಮುವ ಚಾಕು ನಮಗೆ ಬೇಡ. ಅದು ತೋಟದ ಸಾಮಾನಲ್ಲ, ಸಿನಿಮಾದ ಸಾಮಾನು. ವಿಮಾನ ಹತ್ತುವಾಗ, ವಿಧಾನಸೌಧಕ್ಕೆ ಅರ್ಜಿ ಹಿಡಿದು ಹೋಗುವಾಗ ಮಾತ್ರ ಚಾಕನ್ನು ಮನೆಯಲ್ಲೇ ಬಿಟ್ಟು ಹೋಗಿ.

ಇನ್ನು ಕೊಳ್ಳುವುದು ಎಲ್ಲಿ? ನನ್ನ ಅಸಲು ಅಹವಾಲು ಇರುವುದು ಇಲ್ಲಿಯೇ. ಉಕ್ಕಿನ ಕೆಲಸ ನಮ್ಮ ಜಿಲ್ಲೆಗೆ ಹೊರಗಿನಿಂದ ಬಂದದ್ದಲ್ಲ. 1800ರಲ್ಲಿ ಈ ಕಡೆ ಸಂಚಾರ ಮಾಡಿದ ಫ್ರಾನ್ಸಿಸ್ ಬುಕಾನನ್, ಮಧುಗಿರಿ ಸೀಮೆಯಲ್ಲಿ ಕಬ್ಬಿಣ ಕರಗಿಸಿ ಉಕ್ಕು ಮಾಡುತ್ತಿದ್ದ ಕುಲುಮೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಊರಿಗೊಬ್ಬ ಕಮ್ಮಾರನಿಗೆ ಸುಗ್ಗಿಯಲ್ಲಿ ಆಯ ಅಳೆದುಕೊಟ್ಟು, ಕುಳ ತಟ್ಟಿಸಿ, ಕುಡುಗೋಲಿಗೆ ಕಕ್ಕು ಹಾಕಿಸಿಕೊಳ್ಳುತ್ತಿದ್ದುದನ್ನು ನನ್ನ ವಯಸ್ಸಿನವರೆಲ್ಲ ಕಣ್ಣಾರೆ ಕಂಡಿದ್ದೇವೆ. ಈಗ ನಮ್ಮ ಹೋಬಳಿಯಲ್ಲಿ ಕುಲುಮೆ ಉರಿಯುವುದು ಒಂದೇ ಮನೆಯಲ್ಲಿ. ಆ ಕಮ್ಮಾರಣ್ಣನಿಗೆ ನನ್ನ ತಂದೆಯವರ ಚಾಕು ತೋರಿಸಿ, ಇಂಥದು ಮಾಡಿಕೊಡುತ್ತೀಯಾ ಎಂದು ಕೇಳಿದೆ. ಅವನು ಅಲಗನ್ನು ಉಗುರಿನಲ್ಲಿ ಮೀಟಿ ನೋಡಿ, "ಮಾಡೋದೇನೋ ಮಾಡ್ತೀನಿ ಸ್ವಾಮಿ, ಕೇಳೋರು ಯಾರಿದ್ರು?" ಎಂದ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೇಳುವವರನ್ನೆಲ್ಲ ಕಟರಿನ ಕಡೆಗೆ ಕಳಿಸಿದವನು ನಾನೇ ಅಲ್ಲವೇ?

ಅವನು ಮಾಡಿಕೊಟ್ಟ ಮೊದಲ ಚಾಕಿನ ಕೀಲು ಸಡಿಲವಾಗಿತ್ತು. ಎರಡನೆಯದರ ಹದ ಹೆಚ್ಚಾಗಿ ಬಾಯಿ ಚಕ್ಕೆ ಎದ್ದಿತು. ಮೂರನೆಯದು ನಾಲ್ಕು ತಿಂಗಳಿಂದ ನನ್ನ ಜೇಬಿನಲ್ಲಿದೆ. ಪೇಟೆಯ ಕಟರಿಗಿಂತ ಬೆಲೆ ಅನೇಕ ಪಟ್ಟು ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ. ಆದರೆ ವರ್ಷಕ್ಕೆ ನಾಲ್ಕೈದು ಕಟರು ಕೊಳ್ಳುವ ಮನೆಯವರು ಹತ್ತು ವರ್ಷದ ಲೆಕ್ಕ ಹಾಕಿ ನೋಡಲಿ. ಸತ್ತ ಹಸುವಿನ ಬೆಲೆಯನ್ನು ನಾನು ಆ ಲೆಕ್ಕಕ್ಕೆ ಸೇರಿಸುತ್ತಿಲ್ಲ.

ಆದ್ದರಿಂದ ಮುಂದಿನ ವಾರ್ಷಿಕ ಮಹಾಸಭೆಯ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತೇನೆ. ಮೊದಲನೆಯದು, ಮಳಿಗೆಯಲ್ಲಿ ಮುರಿಯುವ ಅಲಗಿನ ಕಟರುಗಳ ಮಾರಾಟ ನಿಲ್ಲಲಿ. ಎರಡನೆಯದು, ಹಳೆಯ ತುಂಡುಗಳನ್ನು ಹಾಕಲು ಮಳಿಗೆಯ ಬಾಗಿಲಲ್ಲಿ ಒಂದು ತಗಡಿನ ಡಬ್ಬಿ ಇರಲಿ. ಇದಕ್ಕೆ ನಿರ್ಣಯ ಬೇಕಿಲ್ಲ, ಈ ತಿಂಗಳಿಂದಲೇ ಇಟ್ಟಿದ್ದೇನೆ. ಮೂರನೆಯದು, ಸದಸ್ಯರಿಂದ ಮುಂಗಡ ಪಡೆದು ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಕಮ್ಮಾರರಿಗೆ ಚಾಕುಗಳನ್ನು ಮಾಡಲು ಹೇಳೋಣ. ಕೀಲು, ಹದ ಎರಡನ್ನೂ ಪರೀಕ್ಷಿಸಿದ ಮೇಲೆಯೇ ಸಂಘ ಅವನ್ನು ಮಾರಲಿ. ನಾಲ್ಕನೆಯದು, 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ಅದರಲ್ಲಿ ಉಪಕರಣಗಳಿಗೆ 15,000 ರೂಪಾಯಿಯವರೆಗೆ ನೆರವೂ ಕಡಿಮೆ ಬಡ್ಡಿಯ ಸಾಲವೂ ಉಂಟು. ಕಾಗದ ಪತ್ರ ಬರೆಯಲು ಬಾರದ ಕಸುಬುದಾರರಿಗೆ ನಮ್ಮ ಕಚೇರಿಯ ಗುಮಾಸ್ತರು ಅರ್ಧ ದಿನ ಕೂತು ಬರೆದುಕೊಟ್ಟರೆ ಸಂಘಕ್ಕೆ ನಷ್ಟವೇನೂ ಇಲ್ಲ.

ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಒಪ್ಪದವರು ಮಹಾಸಭೆಯಲ್ಲಿ ಎದ್ದು ನಿಂತು ಧಾರಾಳವಾಗಿ ಖಂಡಿಸಬಹುದು. ಆದರೆ ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಇಂದು ಸಂಜೆ ಕೊಟ್ಟಿಗೆಗೆ ಹೋದಾಗ ಮೇವಿನ ಗೋದಲಿಯನ್ನು ಒಮ್ಮೆ ಕೈಯಾಡಿಸಿ ನೋಡಿ. ಏನಾದರೂ ಸಿಕ್ಕರೆ ಡಬ್ಬಿಗೆ ತಂದು ಹಾಕಿ.

ಇಂತು ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ