ಗಟ್ಟಿಮುಟ್ಟಾದ ಕಂಪ್ಯೂಟರಿಗೆ ಹೊಸ ವಿಂಡೋಸ್ ಯಾಕಿಲ್ಲ?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. 2015ರ ಜುಲೈಯಲ್ಲಿ ಬಂದ ಆಪರೇಟಿಂಗ್ ಸಿಸ್ಟಮ್ ಹತ್ತು ವರ್ಷ ನಡೆಯಿತು. ಅಷ್ಟಕ್ಕೆ ಯಾರೂ ಬೇಸರಪಡಬೇಕಿಲ್ಲ. ಬೇಸರ ಹುಟ್ಟಿಸುವುದು ಮುಂದಿನ ಮಾತು. ವಿಂಡೋಸ್ 11 ಉಚಿತವೇ ಆದರೂ ಕಂಪನಿ ಕಟ್ಟಿಟ್ಟ ಅರ್ಹತೆಯ ಪಟ್ಟಿಯಲ್ಲಿ ಇಲ್ಲದ ಕಂಪ್ಯೂಟರಿಗೆ ಅದು ಸಿಗುವುದಿಲ್ಲ. ಈ ಕಾರಣಕ್ಕೆ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರುಗಳು ಗುಜರಿ ಸೇರಬಹುದು ಎಂದು ಮಾರುಕಟ್ಟೆ ಅಧ್ಯಯನ ಸಂಸ್ಥೆ ಕೆನಾಲಿಸ್ 2023ರ ಡಿಸೆಂಬರಿನಲ್ಲೇ ಅಂದಾಜು ಮಾಡಿತ್ತು. ಅವುಗಳಲ್ಲಿ ನಿಜವಾಗಿಯೂ ಸವೆದುಹೋದವು ಇರುತ್ತವೆ. ಆದರೆ ರ್‍ಯಾಮ್ ಹೆಚ್ಚಿಸಿ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ಇನ್ನೂ ನಾಲ್ಕೈದು ವರ್ಷಕ್ಕೆ ತಯಾರಾಗಿ ನಿಂತ ಯಂತ್ರಗಳೂ ಲೆಕ್ಕವಿಲ್ಲದಷ್ಟಿವೆ. ಒಂದು ಕಂಪ್ಯೂಟರಿಗೆ ಹೊಸ ಓಎಸ್ ಕೊಡಬೇಕೋ ಬೇಡವೋ ಎಂಬುದನ್ನು ಅದರ ಸಾಮರ್ಥ್ಯ ಪರೀಕ್ಷಿಸಿ ತೀರ್ಮಾನಿಸಬೇಕು, ಹುಟ್ಟಿದ ವರ್ಷ ನೋಡಿ ಬಾಗಿಲು ಹಾಕಬಾರದು ಎಂಬುದು ನನ್ನ ವಾದ.

ಹಳೆಯ ಕಂಪ್ಯೂಟರ್ ಯಾಕೆ ನಿಧಾನವಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಹತ್ತು ವರ್ಷದ ಹಿಂದಿನ ಪ್ರೊಸೆಸರ್‌ಗೆ ಪತ್ರ ಬರೆಯುವುದು, ಲೆಕ್ಕದ ಹಾಳೆ ತೆರೆಯುವುದು, ವಿಡಿಯೊ ನೋಡುವುದು, ಆನ್‌ಲೈನ್ ಅರ್ಜಿ ತುಂಬುವುದು ಭಾರದ ಕೆಲಸವೇ ಅಲ್ಲ. ಭಾರವಾಗುವುದು ಹಾರ್ಡ್ ಡಿಸ್ಕಿಗೆ. ಅದರೊಳಗೆ ತಟ್ಟೆ ತಿರುಗಬೇಕು, ಮುಳ್ಳು ಸರಿಯಾದ ಜಾಗಕ್ಕೆ ಹೋಗಿ ನಿಲ್ಲಬೇಕು. ಬೇರೆ ಬೇರೆ ಕಡೆ ಚದುರಿದ ಸಣ್ಣ ಫೈಲುಗಳನ್ನು ಓದಬೇಕೆಂದರೆ ಸೆಕೆಂಡಿಗೆ ನೂರರ ಆಸುಪಾಸಿನ ಓದುಗಳಷ್ಟೇ ಸಾಧ್ಯ. ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಅದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ಇಂದಿನ ವಿಂಡೋಸ್ ಶುರುವಾಗುವಾಗ ಓದುವುದು ಹೆಚ್ಚಾಗಿ ಇಂಥ ಸಣ್ಣ ಫೈಲುಗಳನ್ನೇ. ಹೀಗಾಗಿ ಒಂದು ಎಸ್‌ಎಸ್‌ಡಿ, 8 ಜಿಬಿ ರ್‍ಯಾಮ್ ಸೇರಿದರೆ ತೆರೆದುಕೊಳ್ಳಲು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತಿದ್ದ ಲ್ಯಾಪ್‌ಟಾಪ್ ಹೊಸದರ ಹಾಗೆ ಓಡುತ್ತದೆ. ಹೊಸ ಲ್ಯಾಪ್‌ಟಾಪಿನ ಬೆಲೆಯ ಸಣ್ಣ ಪಾಲಿನಲ್ಲಿ ಈ ರಿಪೇರಿ ಮುಗಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ರಿಪೇರಿ ಅಂಗಡಿಯವರೆಗೆ ಎಲ್ಲ ಕಡೆ ಇದು ದಿನನಿತ್ಯದ ಕೆಲಸ. ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪನ್ನು ಹೀಗೆ ಸರಿಮಾಡಿಸಿಕೊಂಡು ಡಿಪ್ಲೊಮಾ, ಎಂಜಿನಿಯರಿಂಗ್ ಓದುವ ಮಕ್ಕಳು ನಮ್ಮಲ್ಲಿ ಬಹಳ ಇದ್ದಾರೆ. ಅವರಿಗೆ ಹೊಸದು ಕೊಳ್ಳಿ ಎಂದು ಹೇಳುವುದು ಸುಲಭ. ದುಡ್ಡು ಹೊಂದಿಸುವವರು ಅವರ ಮನೆಯವರು.

ಈಗ ಅರ್ಹತೆಯ ಪಟ್ಟಿಗೆ ಬರೋಣ. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ಕ್ಕೆ 4 ಜಿಬಿ ರ್‍ಯಾಮ್, 64 ಜಿಬಿ ಸ್ಟೋರೇಜ್, ಸೆಕ್ಯೂರ್ ಬೂಟ್ ಮತ್ತು ಟಿಪಿಎಂ 2.0 ಬೇಕು. ಟಿಪಿಎಂ ಎಂದರೆ ಗುಪ್ತ ಕೀಲಿಗಳನ್ನು ಬೇರೆಯಾಗಿ ಕಾಪಾಡುವ ಭದ್ರತಾ ಚಿಪ್ ಅಥವಾ ಪ್ರೊಸೆಸರಿನೊಳಗೇ ಇರುವ ಅದೇ ಬಗೆಯ ವ್ಯವಸ್ಥೆ. ಇಷ್ಟಕ್ಕೆ ನಿಂತಿದ್ದರೆ ಗಲಾಟೆ ಬಹಳ ಇರುತ್ತಿರಲಿಲ್ಲ. ಯಾಕೆಂದರೆ 2016ರ ಜುಲೈ 28ರ ನಂತರ ವಿಂಡೋಸ್ 10ರೊಂದಿಗೆ ಬರುವ ಹೊಸ ಮಾದರಿಗಳಲ್ಲಿ ಟಿಪಿಎಂ 2.0 ಇರಲೇಬೇಕೆಂದು ಮೈಕ್ರೋಸಾಫ್ಟೇ ತಯಾರಕರಿಗೆ ಹೇಳಿತ್ತು. ತೊಡಕು ಇರುವುದು ಪ್ರೊಸೆಸರ್ ಪಟ್ಟಿಯಲ್ಲಿ. ಇಂಟೆಲ್‌ನಲ್ಲಿ 8ನೇ ತಲೆಮಾರು, ಎಎಂಡಿಯಲ್ಲಿ ರೈಜೆನ್ 2000 ಸರಣಿ, ಅಲ್ಲಿಂದ ಈಚೆಗಿನವಕ್ಕೆ ಮಾತ್ರ ಪ್ರವೇಶ. ಲ್ಯಾಪ್‌ಟಾಪುಗಳಲ್ಲಿ ಬಹಳ ಬಳಕೆಯಾದ ಎರಡು ಚಿಪ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ: 2016ರ ಕೋರ್ ಐ5-7200ಯು, 2017ರ ಕೋರ್ ಐ5-8250ಯು. ಎರಡೂ 14 ನ್ಯಾನೊಮೀಟರ್ ತಂತ್ರದವು, ಎರಡೂ 15 ವ್ಯಾಟ್ ವರ್ಗದವು, ಎರಡರ ಒಳವಿನ್ಯಾಸವೂ ಕೇಬಿ ಲೇಕ್ ಎಂಬ ಒಂದೇ ಬುಡದ್ದು. ಎರಡನೆಯದರಲ್ಲಿ ಕೋರ್‌ಗಳು ಎರಡರ ಬದಲು ನಾಲ್ಕು. ವಿಂಡೋಸ್ 11 ಕೇಳುವುದೋ ಎರಡು ಕೋರ್ ಮಾತ್ರ. ಹಾಗಿದ್ದೂ ಒಂದು ಒಳಗೆ, ಇನ್ನೊಂದು ಹೊರಗೆ.

ಭದ್ರತೆಗಾಗಿ ಹೀಗೆ ಮಾಡಬೇಕಾಯಿತು ಎನ್ನುವವರಿಗೆ ಆ ಪಟ್ಟಿಯೇ ಉತ್ತರ ಕೊಡುತ್ತದೆ. ವಿಂಡೋಸ್ 11ರ ಮುಖ್ಯ ರಕ್ಷಣೆಗಳಲ್ಲಿ ಮೆಮೊರಿ ಇಂಟೆಗ್ರಿಟಿ ಒಂದು. ಓಎಸ್‌ನ ಒಳತಿರುಳಿಗೆ ಕೆಟ್ಟ ಕೋಡ್ ನುಗ್ಗದ ಹಾಗೆ ಅದು ತಡೆಯುತ್ತದೆ. ಅದು ವೇಗ ಕುಗ್ಗಿಸದೆ ಕೆಲಸ ಮಾಡಬೇಕಾದರೆ ಪ್ರೊಸೆಸರಿನ ನೆರವು ಬೇಕು. ಇಂಟೆಲ್‌ನಲ್ಲಿ ಆ ನೆರವು ಬಂದದ್ದು 7ನೇ ತಲೆಮಾರಿನಲ್ಲಿ. ಎಎಂಡಿಯಲ್ಲಿ 2019ರ ಜೆನ್ 2 ವಿನ್ಯಾಸದಲ್ಲಿ. ಅಂದರೆ ಈ ಸೌಲಭ್ಯ ಇರುವ ಇಂಟೆಲ್ 7ನೇ ತಲೆಮಾರು ಹೊರಗುಳಿಯಿತು, ಅದು ಇಲ್ಲದ ರೈಜೆನ್ 2000 ಸರಣಿಯ ಚಿಪ್‌ಗಳು ಒಳಗೆ ಬಂದವು. ಮೈಕ್ರೋಸಾಫ್ಟ್ ತಾನೇ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೊ 2ರಲ್ಲಿ ಇದ್ದದ್ದು 7ನೇ ತಲೆಮಾರಿನ ಐ7-7820ಎಚ್‌ಕ್ಯು. 2021ರ ಆಗಸ್ಟಿನಲ್ಲಿ ಪಟ್ಟಿ ಪರಿಷ್ಕರಿಸಿದಾಗ ಆ ಚಿಪ್ಪನ್ನು, ಜೊತೆಗೆ ದುಬಾರಿ ಎಕ್ಸ್ ಸರಣಿಯ ಕೆಲವನ್ನು, ಒಳಗೆ ಸೇರಿಸಿದರು. ಅದೇ ಕಾಲದ, ಅದೇ ಬುಡದ ಸಾಮಾನ್ಯರ ಚಿಪ್‌ಗಳು ಹೊರಗೇ ಉಳಿದವು. ತಾಂತ್ರಿಕ ಪರೀಕ್ಷೆ ನಡೆಸಿ ಎಳೆದ ಗೆರೆಯಾಗಿದ್ದರೆ ಅದು ಹೀಗೆ ಸೊಟ್ಟಗೆ ಓಡುತ್ತಿರಲಿಲ್ಲ.

ಕಂಪನಿ ಕೊಟ್ಟ ಇನ್ನೊಂದು ಸಮರ್ಥನೆ ಸ್ಥಿರತೆಯದು. ಅರ್ಹತೆ ಇಲ್ಲದ ಯಂತ್ರಗಳಲ್ಲಿ ಓಎಸ್‌ನ ಒಳತಿರುಳು ಕುಸಿಯುವ ಪ್ರಸಂಗಗಳು ಶೇ 52ರಷ್ಟು ಹೆಚ್ಚಿದ್ದವು, ಅರ್ಹ ಯಂತ್ರಗಳಲ್ಲಿ ಶೇ 99.8ರಷ್ಟು ಕುಸಿತವಿಲ್ಲದ ಅನುಭವ ಇತ್ತು ಎಂದು 2021ರಲ್ಲಿ ಹೇಳಿದರು. ಶೇ 52 ಎಂದು ಕೇಳಿದರೆ ಹೆದರಿಕೆಯಾಗುತ್ತದೆ. ಎರಡೂ ಅಂಕಿಗಳನ್ನು ಒಟ್ಟಿಗೆ ಓದಿದರೆ ಕುಸಿತದ ಪ್ರಮಾಣ ಶೇ 0.2ರಿಂದ ಶೇ 0.3ಕ್ಕೆ ಏರುತ್ತದೆ, ಅಷ್ಟೆ. ಆಸ್ಪತ್ರೆಯ ಯಂತ್ರವನ್ನೋ ವಿದ್ಯುತ್ ಕೇಂದ್ರವನ್ನೋ ನಡೆಸುವ ಕಂಪ್ಯೂಟರಿಗೆ ಆ ವ್ಯತ್ಯಾಸ ದೊಡ್ಡದು, ಒಪ್ಪೋಣ. ಮನೆಯಲ್ಲಿ ಮಗು ಪಾಠ ನೋಡುವ ಕಂಪ್ಯೂಟರಿಗೆ ಅದು ಗುಜರಿಯ ಶಿಕ್ಷೆ ಕೊಡುವಷ್ಟು ದೊಡ್ಡದಲ್ಲ.

ಎಲ್ಲ ಹಳೆಯ ಯಂತ್ರಗಳನ್ನೂ ಕಾಲಾನುಕಾಲಕ್ಕೆ ಹೊತ್ತುಕೊಂಡು ಹೋಗಲು ಯಾವ ಕಂಪನಿಗೂ ಆಗದು ಎಂಬ ಆಕ್ಷೇಪ ನ್ಯಾಯವಾದದ್ದು. ಗೆರೆ ಎಲ್ಲಾದರೂ ಎಳೆಯಲೇಬೇಕು. 2024ರ ಕೊನೆಗೆ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿ ಹಾಗೊಂದು ಗೆರೆ ಎಳೆದಿದೆ: ಎಸ್‌ಎಸ್‌ಇ 4.2, ಪಾಪ್‌ಕೌಂಟ್ ಎಂಬ ಆದೇಶಗಳು ಗೊತ್ತಿಲ್ಲದ ಪ್ರೊಸೆಸರಿನಲ್ಲಿ ಅದು ಶುರುವಾಗುವುದೇ ಇಲ್ಲ. ಕೋರ್ 2 ಡುಯೊ ಕಾಲದ ಯಂತ್ರಗಳು ಹೀಗೆ ಹೊರಬಿದ್ದವು. ಇದರ ಬಗ್ಗೆ ತಕರಾರು ತೆಗೆಯಲು ನನ್ನಲ್ಲಿ ಏನೂ ಇಲ್ಲ; ಕಾರಣ ಕಣ್ಣಿಗೆ ಕಾಣುತ್ತದೆ, ಎಲ್ಲರಿಗೂ ಒಂದೇ ಆಗಿ ಅನ್ವಯಿಸುತ್ತದೆ. ನಾನು ಕೇಳುವುದು ಇಂಥ ಗೆರೆಯನ್ನೇ.

ಭದ್ರತೆಯ ಮಾತನ್ನೇ ಹಿಡಿದು ಮುಂದುವರಿದರೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸೈಬರ್ ದಾಳಿ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳನ್ನೂ ಸೇರಿಸಿ ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಕಟ್ಟಿಹಾಕಿತು. ಅದು ನುಗ್ಗಿದ ವಿಂಡೋಸ್ ತೂತನ್ನು ಮುಚ್ಚುವ ಅಪ್‌ಡೇಟ್ ಅದೇ ವರ್ಷದ ಮಾರ್ಚ್‌ನಲ್ಲಿ ಬಂದಿತ್ತು. ಪೆಟ್ಟು ತಿಂದವು ಅದನ್ನು ಹಾಕಿಕೊಳ್ಳದ ಯಂತ್ರಗಳು. ಅಷ್ಟುಹೊತ್ತಿಗೆ ಬೆಂಬಲ ನಿಂತು ಮೂರು ವರ್ಷವಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಓಡೋಡಿ ಅಪ್‌ಡೇಟ್ ಕೊಡಬೇಕಾಯಿತು. ಟಿಪಿಎಂ ಇಲ್ಲದ ಆದರೆ ತಿಂಗಳು ತಿಂಗಳು ಅಪ್‌ಡೇಟ್ ಆಗುವ ಯಂತ್ರಕ್ಕಿಂತ ಅಪ್‌ಡೇಟೇ ಇಲ್ಲದ ಯಂತ್ರ ಹೆಚ್ಚು ಅಪಾಯಕಾರಿ. ಬೆಂಬಲ ನಿಂತಿತೆಂದು ಜನ ಅದನ್ನು ಎಸೆಯುವುದಿಲ್ಲ, ಹಾಗೇ ಬಳಸುತ್ತಾರೆ. ಹಾಗೆ ಬಳಸುವ ಒಂದೊಂದು ಯಂತ್ರವೂ ಅದೇ ಜಾಲದಲ್ಲಿರುವ ಉಳಿದವರಿಗೂ ಅಪಾಯ. ವಿಂಡೋಸ್ 10ಕ್ಕೆ ಹೆಚ್ಚುವರಿ ಭದ್ರತಾ ಅಪ್‌ಡೇಟುಗಳನ್ನು 2026ರ ಅಕ್ಟೋಬರ್ 13ರವರೆಗೆ ಮನೆಬಳಕೆದಾರರಿಗೆ 30 ಡಾಲರಿಗೆ, ಇಲ್ಲವೇ ಸೆಟ್ಟಿಂಗ್ಸ್ ಬ್ಯಾಕಪ್ ಅನ್ನು ಕಂಪನಿಯ ಖಾತೆಗೆ ಜೋಡಿಸಿದರೆ ಪುಕ್ಕಟೆಯಾಗಿ ಕೊಡುವುದಾಗಿ ಘೋಷಿಸಿದರು. ಸಂಸ್ಥೆಗಳಿಗೆ ಮೊದಲ ವರ್ಷ 61 ಡಾಲರ್, ಮುಂದೆ ವರ್ಷ ವರ್ಷವೂ ದುಪ್ಪಟ್ಟು, ಒಟ್ಟು ಮೂರು ವರ್ಷ. ಅಂದಮೇಲೆ ಅಪ್‌ಡೇಟ್ ತಯಾರಾಗುತ್ತಲೇ ಇದೆ. ಕೊಡಲು ಆಗುವುದಿಲ್ಲ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ಹಾಗಾದರೆ ಅಂಥ ಕಂಪ್ಯೂಟರ್ ಇರುವವರು ಏನು ಮಾಡಬೇಕು? ಮೊದಲು, ಅರ್ಹತೆ ಇಲ್ಲ ಎಂಬ ಸಂದೇಶವನ್ನು ನೋಡಿದ ತಕ್ಷಣ ನಂಬಬಾರದು. ಎಷ್ಟೋ ಯಂತ್ರಗಳಲ್ಲಿ ಟಿಪಿಎಂ ಇದ್ದೂ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ. ಇಂಟೆಲ್ ಯಂತ್ರಗಳಲ್ಲಿ ಅದರ ಹೆಸರು ಪಿಟಿಟಿ. ಹಳೆಯ ಲೆಗಸಿ ಪದ್ಧತಿಯಲ್ಲಿ ವಿಂಡೋಸ್ ಹಾಕಿದ್ದರೆ ಸೆಕ್ಯೂರ್ ಬೂಟ್ ಕೆಲಸ ಮಾಡುವುದಿಲ್ಲ. ಅದಕ್ಕೆ ಬೇಕಾದ ಜಿಪಿಟಿ ಪದ್ಧತಿಗೆ ಡಿಸ್ಕನ್ನು ಬದಲಿಸುವ ಎಂಬಿಆರ್2ಜಿಪಿಟಿ ಎಂಬ ಸಾಧನ ವಿಂಡೋಸ್ 10ರೊಳಗೇ ಇದೆ. ಇವಕ್ಕೆ ಕೈ ಹಾಕುವ ಮೊದಲು ಫೈಲುಗಳ ಬ್ಯಾಕಪ್ ಬೇಕು, ಡಿಸ್ಕಿಗೆ ಗುಪ್ತ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀಲಿ ಬರೆದಿಟ್ಟುಕೊಳ್ಳಬೇಕು. ಪ್ರೊಸೆಸರ್ ಪಟ್ಟಿಯಲ್ಲೇ ಇಲ್ಲದಿದ್ದರೆ ತಪಾಸಣೆ ದಾಟಿ ಹಾಕುವ ದಾರಿಯೂ ಉಂಟು. ಅದಕ್ಕೆ ಬೇಕಾದ ರಿಜಿಸ್ಟ್ರಿ ಬದಲಾವಣೆಯನ್ನು ಮೈಕ್ರೋಸಾಫ್ಟೇ ತನ್ನ ಸಹಾಯಪುಟದಲ್ಲಿ ಬರೆದಿತ್ತು, 2025ರ ಆರಂಭದಲ್ಲಿ ಅಳಿಸಿತು. ರೂಫಸ್ ಎಂಬ ಉಚಿತ ಸಾಧನದಿಂದಲೂ ಅಂಥ ಪೆನ್ ಡ್ರೈವ್ ಮಾಡಬಹುದು. ಹೀಗೆ ಹಾಕಿದ ವಿಂಡೋಸಿಗೆ ತಿಂಗಳ ಅಪ್‌ಡೇಟುಗಳು ಇಲ್ಲಿಯವರೆಗೆ ಬರುತ್ತಿವೆ, ಆದರೆ ಬರುವ ಖಾತ್ರಿಯನ್ನು ಕಂಪನಿ ಕೊಡುವುದಿಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಕೈಯಾರೆ ಹಾಕಿಕೊಳ್ಳಬೇಕು. ಮನೆಯ ಕಂಪ್ಯೂಟರಿಗೆ ಇದು ಒಪ್ಪುವ ದಾರಿ. ಜನರ ದಾಖಲೆ ಇಟ್ಟುಕೊಳ್ಳುವ ಕಚೇರಿಗೆ, ಸಹಕಾರಿ ಬ್ಯಾಂಕಿಗೆ ಖಾತ್ರಿಯಿಲ್ಲದ ದಾರಿ ಬೇಡ. ಇದನ್ನು ಕಳ್ಳ ಪ್ರತಿಯೊಂದಿಗೆ ಬೆರೆಸಲೂಬಾರದು. ಅಸಲಿ ವಿಂಡೋಸ್ 10ರ ಪರವಾನಗಿ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ರ್‍ಯಾಮ್ ಮತ್ತು ಡಿಸ್ಕ್ ಬದಲಿಸಿದರೂ ಹೊಸ ವಿಂಡೋಸಿಗೆ ಅದೇ ನಡೆಯುತ್ತದೆ. ಅಂಗಡಿಯಲ್ಲಿ ನೂರಿನ್ನೂರು ರೂಪಾಯಿಗೆ ಹಾಕಿಕೊಡುವ ಕ್ರ್ಯಾಕ್ ಮಾಡಿದ ಪ್ರತಿಯೊಳಗೆ ಏನಿದೆ ಎಂದು ಹಾಕಿದವನಿಗೂ ಗೊತ್ತಿರುವುದಿಲ್ಲ.

ಲಿನಕ್ಸ್ ಇದಕ್ಕಿಂತ ನೇರವಾದ ದಾರಿ. ಲಿನಕ್ಸ್ ಮಿಂಟ್ 22 ಮತ್ತು ಉಬುಂಟು 24.04ಕ್ಕೆ 2029ರವರೆಗೆ ಉಚಿತ ಅಪ್‌ಡೇಟ್ ಇದೆ, ಪ್ರೊಸೆಸರಿನ ಹುಟ್ಟಿದ ವರ್ಷವನ್ನು ಅವು ಕೇಳುವುದಿಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಅಲ್ಲಿನ ಕೈಟ್ ಸಂಸ್ಥೆ ಉಬುಂಟು ಆಧರಿಸಿ ಸಿದ್ಧಪಡಿಸಿದ ಓಎಸ್ ಬಹಳ ವರ್ಷಗಳಿಂದ ನಡೆಯುತ್ತಿದೆ. ಮಕ್ಕಳು ಅದರಲ್ಲೇ ಕಲಿಯುತ್ತಿದ್ದಾರೆ. ನಮ್ಮಲ್ಲಿ ಎದುರಾಗುವ ತಡೆ ಬೇರೆ. ನುಡಿ, ಬರಹ ತಂತ್ರಾಂಶಗಳು ವಿಂಡೋಸಿಗಾಗಿ ಬೆಳೆದವು. ಡಿಟಿಪಿ ಅಂಗಡಿಗಳಲ್ಲಿ, ಮುದ್ರಣಾಲಯಗಳಲ್ಲಿ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಮಾಡಿಟ್ಟ ಪುಟಗಳು ರಾಶಿ ರಾಶಿ ಇವೆ. ಅಂಥವರಿಗೆ ಲಿನಕ್ಸಿಗೆ ಹೋಗಿ ಎಂದು ಉಪದೇಶ ಮಾಡುವುದು ಅವರ ಅನ್ನದ ಕಷ್ಟ ತಿಳಿಯದವರ ಮಾತಾದೀತು. ಅವರಿಗೆ ವಿಂಡೋಸೇ ಬೇಕು, ಅದೂ ಅಪ್‌ಡೇಟ್ ಆಗುವ ವಿಂಡೋಸ್ ಬೇಕು. ಪಟ್ಟಿ ಸಡಿಲಾಗಬೇಕೆಂದು ಕೇಳುವುದು ಇಂಥವರ ಸಲುವಾಗಿಯೂ ಹೌದು. ಯೂನಿಕೋಡ್‌ನಲ್ಲಿ ಬರೆಯುವವರಿಗೆ ಮಾತ್ರ ಈ ತೊಡಕಿಲ್ಲ. ಲಿನಕ್ಸಿನಲ್ಲಿ ಕನ್ನಡ ಕೀಲಿಮಣೆ ಇದೆ, ಬ್ರೌಸರಿನಲ್ಲಿ ನಡೆಯುವ ಸರ್ಕಾರಿ ಅರ್ಜಿಗಳಲ್ಲಿ ಹೆಚ್ಚಿನವು ಅಲ್ಲೂ ತೆರೆಯುತ್ತವೆ.

ವಿಶ್ವಸಂಸ್ಥೆಯ ಇ-ತ್ಯಾಜ್ಯ ವರದಿಯ ಪ್ರಕಾರ 2022ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಸರಿಯಾದ ಕ್ರಮದಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದೆಂದು ದಾಖಲಾದದ್ದು ಅದರ ಶೇ 22.3 ಮಾತ್ರ. ಉಳಿದದ್ದರಲ್ಲಿ ಬಹಳಷ್ಟು ನಮ್ಮಂಥ ದೇಶಗಳ ಗುಜರಿ ಅಂಗಡಿಗಳ ಹಿತ್ತಲಲ್ಲಿ, ಕೈಗವಸೂ ಇಲ್ಲದವರ ಕೈಯಲ್ಲಿ ಸುಟ್ಟು ಒಡೆಯಲ್ಪಡುತ್ತದೆ. ಹೊಸ ಕಂಪ್ಯೂಟರ್ ಕಡಿಮೆ ವಿದ್ಯುತ್ ತಿನ್ನುತ್ತದೆ ಎಂಬ ವಾದ ಹಳೆಯ ಭಾರೀ ಡೆಸ್ಕ್‌ಟಾಪುಗಳ ಮಟ್ಟಿಗೆ ನಿಜ. ಲ್ಯಾಪ್‌ಟಾಪಿನ ಮಟ್ಟಿಗೆ ಅದು ನಿಲ್ಲುವುದಿಲ್ಲ, ಅದರ ಜೀವಮಾನದ ಇಂಗಾಲದ ಹೊರೆಯಲ್ಲಿ ದೊಡ್ಡ ಪಾಲು ಕಾರ್ಖಾನೆಯಲ್ಲೇ ಆಗಿಹೋಗಿರುತ್ತದೆ. ನಮ್ಮ 2022ರ ಇ-ತ್ಯಾಜ್ಯ ನಿಯಮಗಳು ಹೊಣೆ ಹೊರಿಸುವುದು ಯಂತ್ರ ತಯಾರಿಸಿದವರ ಮೇಲೆ. ಅದನ್ನು ಕಾಲಕ್ಕೆ ಮೊದಲೇ ಕಸವಾಗಿಸುವ ಓಎಸ್ ಕಂಪನಿಯ ಹೊಣೆಯ ಬಗ್ಗೆಯೂ ಇನ್ನು ಮಾತಾಡಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಚರ್ಚೆಯನ್ನು 2022ರಲ್ಲಿ ಆರಂಭಿಸಿತು. ಬಿಡಿಭಾಗದಷ್ಟೇ ಮುಖ್ಯವಾಗಿ ಸಾಫ್ಟ್‌ವೇರ್ ಅಪ್‌ಡೇಟನ್ನೂ ಆ ಹಕ್ಕಿನೊಳಗೆ ತರಬೇಕು.

ರಾಜ್ಯ ಸರ್ಕಾರ ಇದಕ್ಕೆ ಯಾರನ್ನೂ ಕಾಯಬೇಕಿಲ್ಲ. ಶಾಲೆ, ಗ್ರಂಥಾಲಯ, ಪಂಚಾಯಿತಿ ಕಚೇರಿಗಳ ಕಂಪ್ಯೂಟರನ್ನು ವಿಂಡೋಸ್ 11 ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಹರಾಜಿಗೆ ಹಾಕಬಾರದು ಎಂದು ಒಂದು ಆದೇಶ ಹೊರಡಿಸಲಿ. ಎಸ್‌ಎಸ್‌ಡಿ ಮತ್ತು ರ್‍ಯಾಮ್ ಹಾಕಿಸಿ, ಲಿನಕ್ಸ್ ಸಾಕಾಗುವಲ್ಲಿ ಲಿನಕ್ಸ್ ಕೂರಿಸಿ, ಅದಾದ ಮೇಲೂ ಕೆಲಸಕ್ಕೆ ಬಾರದ ಯಂತ್ರಗಳನ್ನು ಮಾತ್ರ ವಿಲೇವಾರಿ ಮಾಡಲಿ.