ಹಕ್ಕು ಕಾಯುವವನಿಗೆ ಕೂಲಿ ಕೊಡುವವರು ಯಾರು?



ಜನರ ಹಕ್ಕಿನ ಪರ ಕೆಲಸ ಮಾಡುವ ಯಾವ ಸಂಸ್ಥೆಯ ಹೆಸರೆತ್ತಿದರೂ ನಮ್ಮ ಕಡೆ ಸಿದ್ಧ ಉತ್ತರ ಒಂದಿದೆ: ‘ಬಿಡ್ರೀ, ಅವ್ರು ಫಾರಿನ್ ದುಡ್ಡಿನ ಜನ.’ ಮೊಸಳೆಯಲ್ಲಿ ಕೇಳಿ, ಹೊಳೆನರಸೀಪುರದಲ್ಲಿ ಕೇಳಿ, ಅರಕಲಗೂಡಿನಲ್ಲಿ ಕೇಳಿ, ಇದೇ ಮಾತು. ಈ ಮಾತನ್ನು ನಮ್ಮ ಬಾಯಿಗೆ ಹಾಕಿದವರು ಯಾರು? ಇದರಿಂದ ಲಾಭ ಯಾರಿಗೆ? ಆಲೂಗಡ್ಡೆ ಚೀಲದ ತೂಕದಲ್ಲಿ ಒಂದು ಕೆಜಿ ಹೊಡೆದರೆ ದಲ್ಲಾಳಿಯ ಜೊತೆ ಜಗಳಕ್ಕೆ ನಿಲ್ಲುವ ನಾವು, ಈ ಲೆಕ್ಕದಲ್ಲಿ ಮಾತ್ರ ಯಾಕೆ ಸುಮ್ಮನಿದ್ದೇವೆ?

ವಿದೇಶಿ ದೇಣಿಗೆ ನಿಯಂತ್ರಣದ ಕಾಯ್ದೆ ಹುಟ್ಟಿದ್ದು 1976ರಲ್ಲಿ, ತುರ್ತುಪರಿಸ್ಥಿತಿಯ ಕತ್ತಲಲ್ಲಿ. 2010ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು. 2011ರ ನಿಯಮಗಳಲ್ಲಿ ಒಂದು ಸಾಲು ಸೇರಿಸಿದರು. ಬಂದ್, ಹರತಾಳ, ರಸ್ತೆ ರೋಕೋ, ರೈಲು ರೋಕೋ, ಜೈಲ್ ಭರೋ ಇವನ್ನು ರೂಢಿ ಮಾಡಿಕೊಂಡ ಸಂಸ್ಥೆಯನ್ನು ‘ರಾಜಕೀಯ ಸ್ವರೂಪದ್ದು’ ಎಂದು ಸಾರಿ ಅದರ ಹಣ ನಿಲ್ಲಿಸಬಹುದು ಅಂತ. ಇದು ಯಾರ ಪಟ್ಟಿ ಸ್ವಾಮಿ? ಎ.ಸಿ. ಕೋಣೆಯಲ್ಲಿ ಸೆಮಿನಾರ್ ಮಾಡುವವರು ರಸ್ತೆ ತಡೆಗೆ ಬರುತ್ತಾರೆಯೇ? ಇದು ನಮ್ಮ ಆಯುಧಗಳ ಪಟ್ಟಿ! ಇನ್ಸಾಫ್ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ಪಕ್ಷ ರಾಜಕಾರಣದ ನಂಟಿಲ್ಲದೆ ಜನರ ಪ್ರಶ್ನೆಗೆ ಬಂದ್, ಹರತಾಳ ಬೆಂಬಲಿಸಿದ ಮಾತ್ರಕ್ಕೆ ದೇಣಿಗೆ ಪಡೆಯುವ ಹಕ್ಕನ್ನು ಕಿತ್ತುಕೊಳ್ಳುವಂತಿಲ್ಲ ಎಂದು 2020ರ ಮಾರ್ಚ್ 6ರಂದು ಕೋರ್ಟು ತೀರ್ಪು ಕೊಟ್ಟಿತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಪಾರ್ಲಿಮೆಂಟು ಕುಣಿಕೆಯನ್ನು ಇನ್ನಷ್ಟು ಬಿಗಿ ಮಾಡಿತು. ಹೊರಗಿನ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬೀಳಬೇಕು. ದೊಡ್ಡ ಸಂಸ್ಥೆ ಆ ಹಣದಲ್ಲಿ ತಾಲ್ಲೂಕಿನ ಸಣ್ಣ ಸಂಸ್ಥೆಗೆ ಒಂದು ರೂಪಾಯಿಯನ್ನೂ ದಾಟಿಸುವಂತಿಲ್ಲ. ಆಡಳಿತದ ಖರ್ಚು ನೂರಕ್ಕೆ 50 ಇದ್ದದ್ದು 20ಕ್ಕೆ ಇಳಿಯಿತು. ಕಟ್ಟಡ ಕಟ್ಟಿಸುವವನಿಗೆ 20 ಸಾಕು. ಹಕ್ಕಿಗೆ ಹೋರಾಡುವವನ ಖರ್ಚೆಲ್ಲ ಓಡಾಟದ್ದು, ಕಾಗದ ಪತ್ರದ್ದು, ಆಳಿನ ಸಂಬಳದ್ದು. ಅವನ ಹೊಟ್ಟೆಗೇ ಹೊಡೆದ ಹಾಗಾಯ್ತು. ಬೆಂಗಳೂರಿನಿಂದ ನಡೆಯುತ್ತಿದ್ದ ಅಮ್ನೆಸ್ಟಿ ಇಂಡಿಯಾ, ಬ್ಯಾಂಕ್ ಖಾತೆಗಳನ್ನು ತಡೆಹಿಡಿದ ಮೇಲೆ, ಅದೇ ಸೆಪ್ಟೆಂಬರಿನಲ್ಲಿ ಕೆಲಸ ನಿಲ್ಲಿಸಿತು.

‘ಕಳ್ಳ ಸಂಸ್ಥೆಗಳಿಲ್ಲವೇನ್ರೀ?’ ಅಂತೀರಿ. ಇವೆ. ಜೀಪು, ಬೋರ್ಡು, ಫೋಟೋ ಬಿಟ್ಟರೆ ಬೇರೇನೂ ಇಲ್ಲದವು ಇವೆ. ಕಳ್ಳನನ್ನು ಹಿಡಿಯಿರಿ, ಲೆಕ್ಕ ಕೇಳಿ, ಜೈಲಿಗೆ ಹಾಕಿ. ಆದರೆ ಇಲಿ ಇದೆ ಅಂತ ಯಾರಾದರೂ ಕಣಜಕ್ಕೇ ಬೆಂಕಿ ಇಡ್ತಾರಾ?

ಈಗ ಇದೇ ಕಾಯ್ದೆ ರಾಜಕೀಯ ಪಕ್ಷಗಳಿಗೆ ಏನು ಮಾಡಿತು ನೋಡಿ. ಕಾಂಗ್ರೆಸ್ ಮತ್ತು ಬಿಜೆಪಿ ಎರಡೂ ವೇದಾಂತ ಕಂಪನಿಯ ಬಳಗದಿಂದ ಹಣ ಪಡೆದು ಈ ಕಾಯ್ದೆ ಮುರಿದಿವೆ ಎಂದು 2014ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಶಿಕ್ಷೆ ಆಯಿತೇ? ಇಲ್ಲ. 2016ರಲ್ಲಿ ‘ವಿದೇಶಿ’ ಎಂಬುದರ ಅರ್ಥವನ್ನೇ ತಿದ್ದಿ, ತಿದ್ದುಪಡಿ 2010ರಿಂದಲೇ ಜಾರಿ ಅಂದರು. ಅದೂ ಸಾಲದೆ 2018ರಲ್ಲಿ 1976ರವರೆಗೆ ಹಿಂದಕ್ಕೆ ಒಯ್ದರು. ಲೋಕಸಭೆಯಲ್ಲಿ ಚರ್ಚೆಯೂ ಇಲ್ಲ. ರೈತನ ಸಾಲದ ಬಡ್ಡಿಯನ್ನು ಯಾರಾದರೂ ಹೀಗೆ 42 ವರ್ಷ ಹಿಂದಕ್ಕೆ ಹೋಗಿ ಅಳಿಸಿದ್ದಾರೆಯೇ? ಇದರ ಮೇಲೆ ಚುನಾವಣಾ ಬಾಂಡು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡುವ ಹೊತ್ತಿಗೆ 16 ಸಾವಿರ ಕೋಟಿ ರೂಪಾಯಿ ಮೀರಿ ಹರಿದುಹೋಗಿತ್ತು, ಕೊಟ್ಟವನ ಹೆಸರಿಲ್ಲದೆ. ನಮ್ಮ ಸೀಮೆಯಲ್ಲಿ ಹೊಯ್ಸಳರ ಕಾಲದ ಗುಡಿಗಳ ಮುಂದೆ ಶಾಸನದ ಕಲ್ಲುಗಳಿವೆ. ಯಾರು ಯಾವ ಗದ್ದೆ ದತ್ತಿ ಬಿಟ್ಟರು ಅಂತ ಕಲ್ಲಿನಲ್ಲಿ ಕೊರೆದಿದೆ. ಎಂಟು ನೂರು ವರ್ಷದ ಹಿಂದೆ ಇದ್ದ ನಾಚಿಕೆ ಇವರಿಗಿಲ್ಲ.

ಇದು ನಮಗೆ ಸಂಬಂಧಿಸಿದ್ದಲ್ಲ ಅಂತ ಕೂರಬೇಡಿ. 2020ರ ಡಿಸೆಂಬರಿನಲ್ಲಿ ದೆಹಲಿ ಗಡಿಯಲ್ಲಿ ಕೂತಿದ್ದ ಪಂಜಾಬಿನ ಭಾರತೀಯ ಕಿಸಾನ್ ಯೂನಿಯನ್ (ಏಕತಾ ಉಗ್ರಾಹಾಂ)ಗೆ ಹೊರದೇಶದಲ್ಲಿ ದುಡಿಯುವ ಪಂಜಾಬಿಗಳು ಹಣ ಕಳಿಸಿದರು. ತಕ್ಷಣ ಬ್ಯಾಂಕಿನಿಂದ ಪ್ರಶ್ನೆ ಬಂತು: ಈ ಕಾಯ್ದೆಯಡಿ ನೋಂದಣಿ ಇದೆಯೇ? ಸಂಸ್ಥೆಗಳ ಕೊರಳಿಗೆ ಬಿದ್ದ ಹಗ್ಗ ರೈತನ ಕೊರಳಿಗೆ ಬರಲು ಮೂರು ತಿಂಗಳೂ ಹಿಡಿಯಲಿಲ್ಲ.

‘ಈ ಹಕ್ಕಿನವರು ನಮಗೇನು ಮಾಡಿದ್ದಾರೆ?’ 1984ರಲ್ಲಿ ನಮ್ಮದೇ ರಾಜ್ಯದಲ್ಲಿ ಸುಮಾರು 75 ಸಾವಿರ ಎಕರೆ ಗೋಮಾಳ, ಕಾಡನ್ನು ನೀಲಗಿರಿ ಬೆಳೆಯಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಒಪ್ಪಿಸಲು ಹೊರಟಾಗ, ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹಳ್ಳಿಗಳವರ ಜೊತೆ ನಿಂತಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಆ ಕಂಪನಿ ಮುಚ್ಚಿತು. ನಿಮ್ಮ ಮಕ್ಕಳು ಶಾಲೆಯಲ್ಲಿ ಉಣ್ಣುವ ಬಿಸಿಯೂಟದ ಹಿಂದೆಯೂ ಒಂದು ಕೇಸಿದೆ. ಪಿಯುಸಿಎಲ್ 2001ರಲ್ಲಿ ಹಾಕಿದ್ದು. ಆ ವರ್ಷ ನವೆಂಬರ್ 28ರಂದು ಬೇಯಿಸಿದ ಊಟವನ್ನೇ ಕೊಡಬೇಕೆಂದು ಕೋರ್ಟು ಆಜ್ಞೆ ಮಾಡಿತು.

ಈ ಪಿಯುಸಿಎಲ್ 1976ರಲ್ಲಿ ಜಯಪ್ರಕಾಶ ನಾರಾಯಣರು ಕಟ್ಟಿದ ಸಂಘ. ಅದು ದೇಶದ್ದಿರಲಿ, ವಿದೇಶದ್ದಿರಲಿ, ಯಾವ ಅನುದಾನ ಸಂಸ್ಥೆಯ ಹಣವನ್ನೂ ಮುಟ್ಟುವುದಿಲ್ಲ, ಸದಸ್ಯರ ಚಂದಾದಲ್ಲೇ ನಡೆಯುತ್ತದೆ. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯೂ ಹಾಗೇ, ಜನ ಕೊಟ್ಟದ್ದರಲ್ಲೇ ಬದುಕಿದೆ. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ಅವರು 40 ದಿನ ಧರಣಿ ಕೂತರು. ಹಳ್ಳಿಗಳವರು ದವಸ ಹೊತ್ತು ತಂದರು. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಅಲ್ಲಿದೆ.

ಇಲ್ಲಿದೆ ನೋಡಿ ನಮ್ಮ ದಾರಿ. ಹಿಂದೆ ಕೆರೆ ಕಾಯುವ ನೀರಗಂಟಿಗೆ, ಊರು ಕಾಯುವ ತಳವಾರನಿಗೆ ಕಣದಲ್ಲೇ ಆಯ ಅಳೆದು ಕೊಡುತ್ತಿದ್ದೆವು. ಅದರಲ್ಲಿ ಜಾತಿಯ ಬಿಟ್ಟಿ ಚಾಕರಿ ಇತ್ತು, ಅದು ತೊಲಗಿದ್ದೇ ಸರಿ. ಆದರೆ ಕಾಯುವವನ ಅನ್ನ ಊರಿನ ಕಣದಿಂದ ಹೋಗಬೇಕು ಎಂಬ ಲೆಕ್ಕ ಮಾತ್ರ ಸುಳ್ಳಲ್ಲ. ಸರ್ಕಾರ ಕೊಟ್ಟರೆ ಸರ್ಕಾರದ ಮೇಲೆ ಬೊಗಳುವ ಹಾಗಿಲ್ಲ. ಕಂಪನಿ ಕೊಟ್ಟರೆ ಕಂಪನಿಯ ಮೇಲೆ ಬೊಗಳುವ ಹಾಗಿಲ್ಲ. ಹೊರದೇಶದ ಹಣವನ್ನು ದೆಹಲಿಯ ಒಂದು ಸಹಿ ನಿಲ್ಲಿಸುತ್ತದೆ. ನಿಮ್ಮ ಕಣದ ರಾಗಿಯನ್ನು ಯಾರು ನಿಲ್ಲಿಸುತ್ತಾರೆ? ಅಂಗಮಾರಿ ಬಂದರೆ ಔಷಧಿ ಹೊಡೆಯಲು ಸಾಲ ಮಾಡುತ್ತೇವೆ. ಹಕ್ಕಿಗೆ ಬಂದ ಅಂಗಮಾರಿಗೆ ಒಂದು ಸೇರು ಕೊಡಲಾರೆವೇ?

ಒಂದು ಕಹಿ ಮಾತು. ಬ್ಯಾಂಕಿನವನು ಹರಾಜು ನೋಟಿಸು ಅಂಟಿಸಿದಾಗ ನಮಗೆ ಹಕ್ಕು ನೆನಪಾಗುತ್ತದೆ. ಅದೇ ವಕೀಲ ನಮ್ಮ ಹೊಲದ ಕೂಲಿಯವಳ ಮಜೂರಿ ಕೇಳಲು ಬಂದರೆ ‘ಫಾರಿನ್ ಏಜೆಂಟ್’ ಆಗಿಬಿಡುತ್ತಾನೆ. ಹಕ್ಕು ಅನ್ನೋದು ಪಹಣಿ ಇದ್ದವನಿಗೆ ಮಾತ್ರ ಅಲ್ಲ. ಹಣ ಕೊಟ್ಟೆವೆಂದು ಕಾಯುವವನ ಬಾಯಿ ಕಟ್ಟಿದರೆ ನಮಗೂ ಕಂಪನಿಗೂ ಏನು ವ್ಯತ್ಯಾಸ?

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಶೇಕಡಾ 20ರ ಮಿತಿ, ಸಣ್ಣ ಸಂಸ್ಥೆಗೆ ಹಣ ದಾಟಿಸಬಾರದೆಂಬ ನಿಷೇಧ ಹೋಗಬೇಕು. ಮೊದಲು ವಿಚಾರಣೆ, ಆಮೇಲೆ ಅಮಾನತು. ಪಕ್ಷಗಳಿಗೆ ಒಂದು, ಜನರಿಗೆ ಒಂದು ಕಾನೂನು ಕೂಡದು.

ನಾವು ಮಾಡಬೇಕಾದದ್ದು ಇಷ್ಟು. ಈ ಸುಗ್ಗಿಗೆ ಮನೆಗೊಂದು ಸೇರು ರಾಗಿ, ಇಲ್ಲವೆ ಅದರ ಬೆಲೆ. ತಾಲ್ಲೂಕಿಗೊಂದು ಹಕ್ಕಿನ ನಿಧಿ. ಜಮೀನಿಲ್ಲದವರೂ ಅದರ ಸಮಿತಿಯಲ್ಲಿರಲಿ. ಕೊಟ್ಟವರ ಹೆಸರು, ಖರ್ಚಿನ ಲೆಕ್ಕ ಊರ ಮುಂದಿನ ಗೋಡೆಯ ಮೇಲೆ ಬರೆಯಿರಿ. ಆಮೇಲೆ ಯಾರಾದರೂ ‘ಇದು ಯಾವ ದೇಶದ ದುಡ್ಡು?’ ಅಂತ ಕೇಳಲಿ. ಗೋಡೆ ತೋರಿಸಿ.