ಅಶ್ವಶಕ್ತಿ ಕೊಳ್ಳುವ ಮುನ್ನ

ಅಮೆರಿಕದ ವೇಗದ ಮೋಟಾರು ದೋಣಿಗಳ ಲೋಕದಲ್ಲಿ ಅಶ್ವಶಕ್ತಿಯ ಅಂಕಿ ಏರಿದ ಪರಿ ಬೆರಗು ಹುಟ್ಟಿಸುವಂಥದ್ದು. ದೋಣಿಯ ಹಿಂಬದಿಗೆ ಬಿಗಿಯುವ ಔಟ್‌ಬೋರ್ಡ್ ಎಂಜಿನ್ 2010ರ ದಶಕದ ಆರಂಭದಲ್ಲಿ, ಪ್ರಮುಖ ತಯಾರಕರ ಪಟ್ಟಿಯಲ್ಲಿ, 350 ಎಚ್‌ಪಿಯ ಆಸುಪಾಸಿನಲ್ಲಿ ನಿಂತಿತ್ತು. 2019ರಲ್ಲಿ ಮರ್ಕ್ಯುರಿ ರೇಸಿಂಗ್ ಕಂಪನಿಯ 450 ಎಚ್‌ಪಿ ಎಂಜಿನ್ ಬಂತು. 2021ರಲ್ಲಿ ಮರ್ಕ್ಯುರಿಯೇ ಹನ್ನೆರಡು ಸಿಲಿಂಡರಿನ, 7.6 ಲೀಟರಿನ, 600 ಎಚ್‌ಪಿ ಎಂಜಿನ್ ತಂದಿತು. ಅಂಥದ್ದನ್ನು ನಾಲ್ಕು ಸಾಲಾಗಿ ಜೋಡಿಸಿಕೊಂಡು ಹೊರಡುವವರೂ ಇದ್ದಾರೆ. ಮಾರುಕಟ್ಟೆಯ ಈ ಭರಾಟೆಯಲ್ಲಿ ದೋಣಿ ಇಟ್ಟುಕೊಂಡವನ ತಲೆಯಲ್ಲಿ ಒಂದು ಸಮೀಕರಣ ಗಟ್ಟಿಯಾಗಿ ಕೂತಿದೆ: ವೇಗ ಸಾಲದೆ? ಎಂಜಿನ್ ಬದಲಿಸು. ಈ ಸಮೀಕರಣ ತಲೆಕೆಳಗಾಗಿದೆ ಎಂಬುದು ನನ್ನ ವಾದ. ವೇಗದ ದೋಣಿಯಲ್ಲಿ ಮೊದಲು ಕೈಯಿಡಬೇಕಾದದ್ದು ಪ್ರೊಪೆಲ್ಲರಿಗೆ, ಆಮೇಲೆ ಎಂಜಿನ್ ಕೂರಿಸಿದ ಎತ್ತರಕ್ಕೆ ಮತ್ತು ದೋಣಿಯ ತೂಕಕ್ಕೆ. ಅಶ್ವಶಕ್ತಿಯ ಸರದಿ ಬರುವುದು ಅವೆಲ್ಲ ಮುಗಿದ ಮೇಲೆ.

ಇದಕ್ಕೆ ಆಧಾರ ನೂರು ವರ್ಷ ಹಳೆಯ ಒಂದು ಲೆಕ್ಕದಲ್ಲಿದೆ. ಜಾರ್ಜ್ ಕ್ರೌಚ್ ಎಂಬ ಅಮೆರಿಕದ ನೌಕಾ ವಿನ್ಯಾಸಕಾರ 'ಬೇಬಿ ಬೂಟ್‌ಲೆಗರ್' ಎಂಬ ದೋಣಿಯನ್ನು ರೂಪಿಸಿದವನು. ಅದು 1924 ಮತ್ತು 1925ರಲ್ಲಿ ಗೋಲ್ಡ್ ಕಪ್ ಗೆದ್ದಿತು. ನೀರಿನ ಮೇಲೆದ್ದು ಜಾರುತ್ತಾ ಓಡುವ ದೋಣಿಗಳ ವೇಗವನ್ನು ಅಂದಾಜಿಸಲು ಅವನ ಹೆಸರಿನ ಸೂತ್ರವನ್ನು ವಿನ್ಯಾಸಕಾರರು ಇಂದಿಗೂ ಬಳಸುತ್ತಾರೆ. ಸೂತ್ರದ ತಿರುಳು ಇಷ್ಟೇ: ವೇಗ ಏರುವುದು ಶಕ್ತಿಯ ಅನುಪಾತದಲ್ಲಲ್ಲ, ಶಕ್ತಿಯನ್ನು ತೂಕದಿಂದ ಭಾಗಿಸಿದ್ದರ ವರ್ಗಮೂಲದ ಅನುಪಾತದಲ್ಲಿ. ಶಕ್ತಿ ಎರಡು ಪಟ್ಟಾದರೆ ವೇಗ ಏರುವುದು ಶೇ 41ರಷ್ಟು ಮಾತ್ರ. ಶೇ 10ರಷ್ಟು ವೇಗ ಹೆಚ್ಚಬೇಕಾದರೆ ಶಕ್ತಿ ಶೇ 21ರಷ್ಟು ಹೆಚ್ಚಬೇಕು. 300 ಎಚ್‌ಪಿಯಲ್ಲಿ ಗಂಟೆಗೆ 100 ಕಿ.ಮೀ. ಓಡುವ ದೋಣಿಗೆ 450 ಎಚ್‌ಪಿ ಕೂರಿಸಿದರೆ ಕಾಗದದ ಮೇಲೆ ಸಿಗುವುದು 122. ಅದೂ ತೂಕ ಹೆಚ್ಚದಿದ್ದರೆ. ಆದರೆ ತೂಕ ಹೆಚ್ಚದೆ ಇರುವುದಿಲ್ಲ. 300 ಎಚ್‌ಪಿಯ ಎಂಟು ಸಿಲಿಂಡರಿನ ಔಟ್‌ಬೋರ್ಡುಗಳು ಮಾದರಿಗೆ ತಕ್ಕಂತೆ 230ರಿಂದ 270 ಕೆ.ಜಿ. ತೂಗುತ್ತವೆ, ಆ 450 ಎಚ್‌ಪಿಯದು ಸುಮಾರು 313 ಕೆ.ಜಿ., 600 ಎಚ್‌ಪಿಯದು ಸುಮಾರು 570. ಈ ಭಾರವೆಲ್ಲ ಬೀಳುವುದು ದೋಣಿಯ ಹಿಂತುದಿಯ ಮೇಲೆ, ಎಲ್ಲಿ ಅದು ಬೇಡವೋ ಅಲ್ಲಿ. ಹಿಂಭಾಗ ತಗ್ಗಿ ಮೂತಿ ಎದ್ದ ದೋಣಿಗೆ ನೀರಿನ ಮೇಲೇರಲು ಹೆಚ್ಚು ಹೊತ್ತು ಬೇಕು.

ಇನ್ನು ಪ್ರೊಪೆಲ್ಲರ್. ಅದರ ಮೇಲೆ ಕೊರೆದಿರುವ ಎರಡು ಅಂಕಿಗಳಲ್ಲಿ ಒಂದು ವ್ಯಾಸ, ಇನ್ನೊಂದು ಪಿಚ್. ಪ್ರೊಪೆಲ್ಲರ್ ಗಟ್ಟಿ ವಸ್ತುವಿನೊಳಗೆ ಸ್ಕ್ರೂ ಹಾಗೆ ಕೊರೆದುಕೊಂಡು ಹೋದರೆ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಸಾಗುತ್ತಿತ್ತೋ ಅದೇ ಪಿಚ್. ನೀರು ಗಟ್ಟಿಯಲ್ಲ, ಆದ್ದರಿಂದ ಸ್ವಲ್ಪ ಜಾರುತ್ತದೆ. ಆ ಜಾರಿಕೆಗೆ ಸ್ಲಿಪ್ ಎನ್ನುತ್ತಾರೆ. ಎಂಜಿನ್ ನಿಮಿಷಕ್ಕೆ 5,800 ಸುತ್ತು ತಿರುಗುತ್ತಿದೆ, ಗೇರ್ ಅನುಪಾತ 1.85, ಪಿಚ್ 21 ಇಂಚು ಎಂದುಕೊಳ್ಳೋಣ. ಗುಣಿಸಿ ಭಾಗಿಸಿದರೆ ಸ್ಲಿಪ್ ಇಲ್ಲದ ವೇಗ ಗಂಟೆಗೆ 100 ಕಿ.ಮೀ. ಬರುತ್ತದೆ. ಜಿಪಿಎಸ್‌ನಲ್ಲಿ 88 ಕಂಡರೆ ಸ್ಲಿಪ್ ಶೇ 12. ಈ ಬಗೆಯ ದೋಣಿಗೆ ಅದು ಒಪ್ಪುವ ಮಾತು. 78 ಕಂಡರೆ ಎಲ್ಲೋ ಎಡವಟ್ಟಾಗಿದೆ: ಅಲಗು ಬಾಗಿರಬಹುದು, ಎಂಜಿನ್ ಅತಿ ಎತ್ತರದಲ್ಲಿ ಕೂತು ಪ್ರೊಪೆಲ್ಲರ್ ಗಾಳಿ ಎಳೆಯುತ್ತಿರಬಹುದು, ಇಲ್ಲವೇ ಅಲಗಿನ ಆಕಾರವೇ ಆ ದೋಣಿಗೆ ಹೊಂದದಿರಬಹುದು. ಕೊರೆದ ಪಿಚ್‌ಗೂ ನಿಜವಾದ ಪಿಚ್‌ಗೂ ಸಣ್ಣ ಅಂತರವಿರುತ್ತದೆ, ಅಲಗಿನ ಅಂಚಿನ ಮಡಿಕೆ ಲೆಕ್ಕವನ್ನು ತುಸು ಕೆಡಿಸುತ್ತದೆ, ನಿಜ. ಆದರೂ ಒಂದು ಟ್ಯಾಕೋಮೀಟರ್, ಒಂದು ಜಿಪಿಎಸ್, ಒಂದು ಕಾಗದ ಇದ್ದರೆ ಸಾಕಾಗುವ ಈ ತಪಾಸಣೆಯನ್ನು ಮಾಡದೆಯೇ ಲಕ್ಷಗಟ್ಟಲೆ ಹಣ ಎಂಜಿನ್ನಿಗೆ ಸುರಿಯುವವರನ್ನು ಹೇಗೆ ಸಮರ್ಥಿಸುವುದು?

ಸ್ಲಿಪ್‌ಗಿಂತಲೂ ಮುಖ್ಯವಾದದ್ದು ಎಂಜಿನ್ ತನ್ನ ಪೂರ್ಣ ವೇಗಕ್ಕೆ ಏರುತ್ತಿದೆಯೇ ಎಂಬುದು. ಪ್ರತಿ ಔಟ್‌ಬೋರ್ಡಿಗೂ ಪೂರ್ತಿ ಥ್ರಾಟಲ್ ಒತ್ತಿದಾಗ ಮುಟ್ಟಬೇಕಾದ ಆರ್‌ಪಿಎಂ ಮಿತಿಯನ್ನು ತಯಾರಕರೇ ಕೊಟ್ಟಿರುತ್ತಾರೆ. ಮರ್ಕ್ಯುರಿಯ 300 ಎಚ್‌ಪಿ ವಿ8 ವೆರಾಡೊಗೆ ಅದು 5,200ರಿಂದ 6,000. ಪಿಚ್ ಹೆಚ್ಚಾದ ಪ್ರೊಪೆಲ್ಲರ್ ಹಾಕಿ ಎಂಜಿನ್ 5,000ಕ್ಕೇ ನಿಂತುಬಿಟ್ಟರೆ ನೀವು ಹಣ ಕೊಟ್ಟು ಕೊಂಡ 300 ಎಚ್‌ಪಿ ನಿಮ್ಮ ಕೈಗೆ ಸಿಕ್ಕೇ ಇಲ್ಲ. ಆಗುಂಬೆ ಘಾಟಿಯನ್ನು ಟಾಪ್ ಗೇರಿನಲ್ಲಿ ಹತ್ತಲು ಹೊರಟ ಬಸ್ಸಿನ ಪಾಡು ಅದು: ಎಂಜಿನ್ ಏದುಸಿರು ಬಿಡುತ್ತದೆ, ಒಳಗಿನ ಒತ್ತಡ ಮತ್ತು ಕಾವು ಏರುತ್ತವೆ, ಪಿಸ್ಟನ್ನುಗಳ ಆಯಸ್ಸು ತಗ್ಗುತ್ತದೆ. ಪಿಚ್ಚನ್ನು ಒಂದು ಇಂಚು ಇಳಿಸಿದರೆ ಸಾಮಾನ್ಯವಾಗಿ 150ರಿಂದ 200 ಸುತ್ತು ಹೆಚ್ಚುತ್ತದೆ. ಮೂರು ಇಂಚು ಇಳಿಸಿದರೆ ಅದೇ ಎಂಜಿನ್ 5,500 ದಾಟಬಹುದು. ಆರಂಭದ ಜಿಗಿತ ಚುರುಕಾಗುತ್ತದೆ. ಹಲವು ಸಲ ಗರಿಷ್ಠ ವೇಗವೂ ಏರುತ್ತದೆ, ಕಡಿಮೆ ಪಿಚ್ ಎಂದರೆ ಕಡಿಮೆ ವೇಗ ಎಂದು ನಂಬಿದವರಿಗೆ ಇದು ಅಚ್ಚರಿ ತರುತ್ತದೆ. ಪಿಚ್ ತೀರಾ ಇಳಿಸಿದರೆ ಎಂಜಿನ್ ಮಿತಿ ಮೀರಿ ತಿರುಗಿ ಲಿಮಿಟರಿಗೆ ಬಡಿಯುತ್ತದೆ, ಅದೂ ತಪ್ಪೇ. ಸರಿಯಾದ ಜಾಗ ಈ ಎರಡರ ನಡುವೆ ಎಲ್ಲೋ ಇರುತ್ತದೆ, ಅದನ್ನು ಹುಡುಕಿಕೊಡುವುದು ಪುಸ್ತಕವಲ್ಲ, ಪ್ರಯೋಗ. ಅಲ್ಯುಮಿನಿಯಂ ಅಲಗು ಹೊರೆ ಬಿದ್ದಾಗ ಬಾಗುತ್ತದೆ, ತೆಳುವಾದರೂ ಗಟ್ಟಿಯಾದ ಸ್ಟೇನ್‌ಲೆಸ್ ಉಕ್ಕಿನ ಅಲಗು ತನ್ನ ಆಕಾರ ಬಿಡುವುದಿಲ್ಲ. ಮೂರು ಅಲಗಿನದು ಕೊನೆಯ ವೇಗಕ್ಕೆ, ನಾಲ್ಕು ಅಲಗಿನದು ಹಿಡಿತಕ್ಕೆ ಮತ್ತು ತಿರುವಿಗೆ. ಎಂಜಿನ್ನನ್ನು ಒಂದೆರಡು ಇಂಚು ಮೇಲೆತ್ತಿದರೆ ನೀರಿನಲ್ಲಿ ಎಳೆಯಲ್ಪಡುವ ಗೇರ್ ಪೆಟ್ಟಿಗೆಯ ಭಾಗ ಕಡಿಮೆಯಾಗಿ ಪುಕ್ಕಟೆ ವೇಗ ಸಿಗುತ್ತದೆ. ತಂಪು ನೀರಿನ ಒತ್ತಡದ ಮೇಲೆ ಕಣ್ಣಿಟ್ಟಿರಬೇಕು, ಅಷ್ಟೇ.

ಶಕ್ತಿ ಇದ್ದೂ ಓಡದ ದೋಣಿಗೆ ಇತಿಹಾಸದಲ್ಲಿ ಒಳ್ಳೆಯ ಸಾಕ್ಷಿಯಿದೆ. ಎಂಜಿನಿಯರ್ ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ತನ್ನ ಉಗಿ ಟರ್ಬೈನನ್ನು ಜಗತ್ತಿಗೆ ತೋರಿಸಲು 'ಟರ್ಬಿನಿಯಾ' ಎಂಬ ನೌಕೆ ಕಟ್ಟಿದ. ಮೂವತ್ತು ಮೀಟರಿಗೂ ಮಿಕ್ಕಿದ ಉದ್ದ, ಸುಮಾರು 44 ಟನ್ ತೂಕ, ಆ ಕಾಲಕ್ಕೆ ಅಪಾರ ಶಕ್ತಿ. ಒಂದೇ ಪ್ರೊಪೆಲ್ಲರಿನ ಆ ನೌಕೆ 20 ನಾಟ್ ಮುಟ್ಟಲೂ ತಿಣುಕಿತು. ಪಾರ್ಸನ್ಸ್ ಬೇರೆ ಬೇರೆ ಪ್ರೊಪೆಲ್ಲರ್ ಹಾಕಿ ನೋಡಿದ, ಶಾಫ್ಟಿನ ಮೇಲಿನ ತಿರುಚುಬಲವನ್ನು ಅಳೆದ. ದೋಷ ಟರ್ಬೈನಿನದಲ್ಲ ಎಂದು ಗೊತ್ತಾಯಿತು. ಅತಿ ವೇಗವಾಗಿ ತಿರುಗುವ ಅಲಗಿನ ಬೆನ್ನ ಮೇಲೆ ಒತ್ತಡ ಕುಸಿದು, ನೀರು ಕಾಯದೆಯೇ ಆವಿಯಾಗಿ, ಅಲಗು ನೀರನ್ನು ಹಿಡಿಯುವ ಬದಲು ಆವಿಯ ಗುಳ್ಳೆಗಳಲ್ಲಿ ಸುತ್ತುತ್ತಿತ್ತು. ಕ್ಯಾವಿಟೇಶನ್ ಎನ್ನುವ ಇದನ್ನು ಕಣ್ಣಾರೆ ಕಾಣಲೆಂದೇ ಅವನು 1895ರಲ್ಲಿ ಗಾಜಿನ ಕಿಟಕಿಯ ಒಂದು ತೊಟ್ಟಿ ಮಾಡಿಸಿದ. ಇಂದಿನ ಕ್ಯಾವಿಟೇಶನ್ ಪರೀಕ್ಷಾಲಯಗಳಿಗೆ ಅದೇ ಮೂಲ. ಕೊನೆಗೆ ಶಕ್ತಿಯನ್ನು ಮೂರು ಶಾಫ್ಟುಗಳಿಗೆ ಹಂಚಿ, ಒಂದೊಂದಕ್ಕೆ ಮೂರರಂತೆ ಒಂಬತ್ತು ಪ್ರೊಪೆಲ್ಲರ್ ಕೂರಿಸಿದಾಗ ಅದೇ ಒಡಲು 34 ನಾಟ್ ದಾಟಿತು. 1897ರ ಜೂನ್ 26ರಂದು ಸ್ಪಿಟ್‌ಹೆಡ್‌ನಲ್ಲಿ ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವದ ನೌಕಾ ಮೆರವಣಿಗೆಯ ನಡುವೆ ನುಗ್ಗಿ, ಬೆನ್ನಟ್ಟಿದ ಕಾವಲು ದೋಣಿಗಳಿಗೆ ಸಿಗದೆ ಓಡಿದ್ದು ಆ ಟರ್ಬಿನಿಯಾ. ಟರ್ಬೈನನ್ನೂ ಮೂರಾಗಿ ಮರುರೂಪಿಸಲಾಗಿತ್ತಾದ್ದರಿಂದ ಕೀರ್ತಿಯನ್ನೆಲ್ಲ ಪ್ರೊಪೆಲ್ಲರಿಗೇ ಕಟ್ಟುವುದು ನ್ಯಾಯವಲ್ಲ. ಆದರೆ ರೋಗ ಎಲ್ಲಿದೆ ಎಂದು ಕಂಡುಕೊಳ್ಳದೆ ಇನ್ನೂ ದೊಡ್ಡ ಟರ್ಬೈನ್ ಕೂರಿಸಿದ್ದರೆ ಇನ್ನಷ್ಟು ಗುಳ್ಳೆ ಏಳುತ್ತಿತ್ತು, ಅಷ್ಟೇ.

ಮರ್ಕ್ಯುರಿಯ 600 ಎಚ್‌ಪಿ ಎಂಜಿನ್ ಕೂಡ, ಅದರ ಜಾಹೀರಾತನ್ನು ಬದಿಗಿಟ್ಟು ರಚನೆಯನ್ನು ನೋಡಿದರೆ, ಇದೇ ಮಾತನ್ನು ಹೇಳುತ್ತದೆ. ಅದಕ್ಕೆ ಎರಡು ವೇಗದ ಗೇರ್ ಪೆಟ್ಟಿಗೆ ಇದೆ. ಒಂದರ ಹಿಂದೊಂದು ವಿರುದ್ಧ ದಿಕ್ಕಿಗೆ ತಿರುಗುವ ಎರಡು ಪ್ರೊಪೆಲ್ಲರ್‌ಗಳಿವೆ. ಅಷ್ಟು ಶಕ್ತಿಯನ್ನು ಒಂದು ಸಾಧಾರಣ ಪ್ರೊಪೆಲ್ಲರ್ ನೀರಿಗೆ ದಾಟಿಸಲಾರದು ಎಂಬುದು ಅದನ್ನು ಕಟ್ಟಿದ ಎಂಜಿನಿಯರುಗಳಿಗೆ ಚೆನ್ನಾಗಿ ತಿಳಿದಿತ್ತು. 2018ರ ನವೆಂಬರಿನಲ್ಲಿ ವಿಜಯವಾಡದ ಕೃಷ್ಣಾ ನದಿಯಲ್ಲಿ ನಡೆದ ಎಫ್1ಎಚ್2ಒ ಮೋಟಾರು ದೋಣಿ ಪಂದ್ಯವನ್ನೂ ಇಲ್ಲಿ ನೆನೆಯಬೇಕು. ಆ ಸ್ಪರ್ಧೆಯ ಬಹುತೇಕ ದೋಣಿಗಳಿಗೆ ಇದ್ದದ್ದು ಒಂದೇ ಬಗೆಯ 2.5 ಲೀಟರಿನ ಎರಡು ಸ್ಟ್ರೋಕ್ ವಿ6 ಎಂಜಿನ್. ಎಂಜಿನ್ ಸರಿಸಮವಾದ ಕಡೆ ಗೆಲುವನ್ನು ತೀರ್ಮಾನಿಸುವುದು ಚಾಲಕನ ಕೈಚಳಕ, ದೋಣಿಯ ಹೊಂದಾಣಿಕೆ ಮತ್ತು ಪ್ರೊಪೆಲ್ಲರ್. ತಿರುವು ಹೆಚ್ಚಿರುವ ಪಥಕ್ಕೆ ಒಂದು, ನೇರ ಓಟಕ್ಕೆ ಇನ್ನೊಂದು ಎಂದು ತಂಡಗಳು ಪ್ರೊಪೆಲ್ಲರ್‌ಗಳ ರಾಶಿಯನ್ನೇ ಹೊತ್ತು ತಿರುಗುವುದು ಅದಕ್ಕೇ.

ಎದುರು ವಾದಗಳಿವೆ, ಹಗುರವಾದವೂ ಅಲ್ಲ. ಪ್ರೊಪೆಲ್ಲರ್ ಬದಲಿಸಿದರೆ ಸಿಗುವುದು ಗಂಟೆಗೆ ಐದಾರು ಕಿ.ಮೀ., ನನಗೆ ಬೇಕಿರುವುದು ಇಪ್ಪತ್ತೈದು ಎನ್ನುವವನಿಗೆ ನಾನು ಇಲ್ಲ ಎನ್ನಲಾರೆ. ಅವನಿಗೆ ಶಕ್ತಿಯೇ ಬೇಕು. ಆದರೆ ಹೊಸ ಎಂಜಿನ್ ಬಂದ ಮೇಲೂ ಹಳೆಯ ಪ್ರೊಪೆಲ್ಲರ್ ಅದಕ್ಕೆ ಹೊಂದುವುದು ಅಪರೂಪ. ಅಂದರೆ ಪ್ರೊಪೆಲ್ಲರಿನ ಪರೀಕ್ಷೆ ಹೇಗೂ ತಪ್ಪುವುದಿಲ್ಲ. ಮೊದಲೇ ಮಾಡಿಕೊಂಡಿದ್ದರೆ ಹಳೆಯ ಎಂಜಿನ್ನಿನ ನಿಜವಾದ ಅಳವು ತಿಳಿದಿರುತ್ತಿತ್ತು. ಹಳೆಯ ಎಂಜಿನ್ ಸವೆದಿದೆ, ಸಿಲಿಂಡರುಗಳ ಕಂಪ್ರೆಶನ್ ಕುಸಿದಿದೆ, ಕಾರ್ಬ್ಯುರೇಟರಿನ ಎರಡು ಸ್ಟ್ರೋಕ್ ಎಂಜಿನ್ ಪೆಟ್ರೋಲನ್ನು ಹೊಗೆಯಾಗಿ ಉಗುಳುತ್ತಿದೆ ಎಂಬ ಕಾರಣ ಇನ್ನೂ ಗಟ್ಟಿಯಾದದ್ದು. ಅಲ್ಲಿ ಹೊಸ ಎಂಜಿನ್ ಹಾಕುವುದೇ ಜಾಣತನ. ಅದು ನಂಬಿಕೆಗಾಗಿ, ಇಂಧನಕ್ಕಾಗಿ ಮಾಡುವ ಬದಲಾವಣೆ. ಹಾಗೆ ಬದಲಿಸುವಾಗ ಎಚ್‌ಪಿ ಏರಿಸಲೇಬೇಕೆಂದೇನೂ ಇಲ್ಲ. ದೋಣಿ ಇಟ್ಟುಕೊಳ್ಳುವುದೇ ಖುಷಿಗೆ, ಲೆಕ್ಕ ಯಾಕೆ ಎನ್ನುವವರೂ ಇದ್ದಾರೆ. ಖುಷಿಗೆ ನನ್ನ ತಕರಾರಿಲ್ಲ. ಆದರೆ ಪೆಟ್ರೋಲ್ ಔಟ್‌ಬೋರ್ಡ್ ಪೂರ್ತಿ ಥ್ರಾಟಲಿನಲ್ಲಿ ಪ್ರತಿ 100 ಎಚ್‌ಪಿಗೆ ಗಂಟೆಗೆ ಸುಮಾರು 38 ಲೀಟರ್ ಕುಡಿಯುತ್ತದೆ ಎಂಬ ಸ್ಥೂಲ ಲೆಕ್ಕವನ್ನು ಖುಷಿಯ ಬಿಲ್ಲಿನಲ್ಲಿ ಸೇರಿಸಿಕೊಳ್ಳಲಿ.

ಎಂಜಿನ್ ಬದಲಿಸದೆ ಕಂಪ್ಯೂಟರ್ ಪ್ರೋಗ್ರಾಂ ತಿದ್ದಿ ಶಕ್ತಿ ಹೆಚ್ಚಿಸುವ ದಾರಿಯ ಬಗ್ಗೆ ನನಗೆ ಅಷ್ಟೇನೂ ಸಹನೆಯಿಲ್ಲ. ಕಾರಿನಲ್ಲಿ ಪೂರ್ತಿ ಶಕ್ತಿ ಬೇಕಾಗುವುದು ಕ್ಷಣಗಳ ಮಟ್ಟಿಗೆ, ಉಳಿದಂತೆ ಎಂಜಿನ್ ಆರಾಮಾಗಿರುತ್ತದೆ. ದೋಣಿಗೆ ಇಳಿಜಾರಿಲ್ಲ, ನೀರು ಸದಾ ಎಳೆಯುತ್ತಲೇ ಇರುತ್ತದೆ, ಎಂಜಿನ್ ನಿಮಿಷಗಟ್ಟಲೆ ಪೂರ್ಣ ಹೊರೆಯಲ್ಲೇ ದುಡಿಯುತ್ತದೆ. ಕಾರಿನಲ್ಲಿ ತಾಳಿಕೊಂಡ ತಿದ್ದುಪಡಿ ಇಲ್ಲಿ ಪಿಸ್ಟನ್ ಕರಗಿಸಬಲ್ಲದು, ವಾರಂಟಿಯೂ ಕೈಬಿಡುತ್ತದೆ. ಸುರಕ್ಷತೆಯ ಮಾತು ಬೇರೆಯೇ ಇದೆ. ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ಔಟ್‌ಬೋರ್ಡ್ ದೋಣಿಗಳ ಫಲಕದ ಮೇಲೆ ಗರಿಷ್ಠ ಎಚ್‌ಪಿ ಬರೆದಿರಬೇಕೆಂಬ ನಿಯಮವಿದೆ. 2021ರ ಏಪ್ರಿಲ್‌ನಿಂದ 26 ಅಡಿಗಿಂತ ಚಿಕ್ಕ ದೋಣಿಗಳ ಚಾಲಕ ನೀರಿಗೆ ಎಸೆಯಲ್ಪಟ್ಟರೆ ಎಂಜಿನ್ ತಾನೇ ಆರುವ ಸಾಧನವನ್ನು ಬಳಸುವುದೂ ಅಲ್ಲಿ ಕಡ್ಡಾಯ. ಶಕ್ತಿ ಹೆಚ್ಚಿಸುವವರು ಮೊದಲು ಓದಬೇಕಾದ ಅಂಕಿ ಆ ಫಲಕದ್ದು.

ಇದೆಲ್ಲ ದೂರದ ಸಿರಿವಂತರ ಆಟ ಎನಿಸಬಹುದು. ಮಲ್ಪೆ, ಮಂಗಳೂರು ಬಂದರುಗಳಲ್ಲಿ ಒಂದು ಸುತ್ತು ಹಾಕಿದರೆ ಅದೇ ಪೈಪೋಟಿ ಹೊಟ್ಟೆಪಾಡಿನ ವೇಷದಲ್ಲಿ ಕಾಣುತ್ತದೆ. ಒಂದು ಕಾಲಕ್ಕೆ ನೂರು ಎಚ್‌ಪಿಯ ಆಸುಪಾಸಿನಲ್ಲಿದ್ದ ಟ್ರಾಲ್ ಬೋಟುಗಳಲ್ಲಿ ಕೆಲವು ಈಗ ಮುನ್ನೂರು ದಾಟಿವೆ. ಪಕ್ಕದ ಬೋಟು ದೊಡ್ಡ ಎಂಜಿನ್ ಹಾಕಿತೆಂದರೆ ಈ ಬೋಟಿನವನಿಗೂ ಅದು ಬಿಟ್ಟರೆ ಬೇರೆ ಗತಿಯಿಲ್ಲ. ಇಲ್ಲಿ ಲೆಕ್ಕ ಇನ್ನೂ ಕಠಿಣ. ಈ ಬೋಟುಗಳು ನೀರಿನ ಮೇಲೇರಿ ಜಾರುವುದಿಲ್ಲ, ನೀರನ್ನು ಸೀಳಿಕೊಂಡು ಹೋಗುತ್ತವೆ. 20 ಮೀಟರ್ ಉದ್ದದ ಒಡಲಿಗೆ 10-11 ನಾಟ್ ಹತ್ತಿರ ಬಂದಂತೆ ನೀರೇ ಗೋಡೆಯಾಗುತ್ತದೆ; ಆಮೇಲೆ ಅರ್ಧ ನಾಟ್ ಹೆಚ್ಚಿಸಲು ಸುಡುವ ಡೀಸೆಲ್‌ಗೆ ಮಿತಿಯೇ ಇಲ್ಲ. ಬಲೆ ಎಳೆಯಲು ಬಲ ಬೇಕು, ನಿಜ. ಆ ಬಲ ಬರುವುದು ದೊಡ್ಡ ವ್ಯಾಸದ, ನಿಧಾನವಾಗಿ ತಿರುಗುವ ಪ್ರೊಪೆಲ್ಲರಿನಿಂದ. ವೇಗವಾಗಿ ತಿರುಗುವ ದೊಡ್ಡ ಎಂಜಿನ್ನಿಗೆ ಚಿಕ್ಕ ಪ್ರೊಪೆಲ್ಲರ್ ಸಿಕ್ಕಿಸಿದರೆ ಬಲವೂ ಇಲ್ಲ, ಉಳಿತಾಯವೂ ಇಲ್ಲ. ಕರಾವಳಿಯ ದೊಡ್ಡ ಬೋಟುಗಳಿಗೆ ತೆರಿಗೆ ವಿನಾಯಿತಿಯ ಡೀಸೆಲ್ ಕೊಡುವ ಸರ್ಕಾರ, ಆ ಡೀಸೆಲ್‌ನ ಶಕ್ತಿಯಲ್ಲಿ ಎಷ್ಟು ಪಾಲು ನೀರಿಗೆ ತಲುಪುತ್ತಿದೆ ಎಂದು ಕೇಳುವ ಹಕ್ಕನ್ನೂ ಉಳಿಸಿಕೊಂಡಿದೆ. ಪ್ರೊಪೆಲ್ಲರ್ ಹೊಂದಾಣಿಕೆಯ ಪರೀಕ್ಷೆಗೆ ಸಹಾಯಧನ ಕೊಟ್ಟರೆ ಎಂಜಿನ್ನಿಗೆ ಕೊಡುವುದಕ್ಕಿಂತ ಅಗ್ಗ.

ಪ್ರವಾಸೋದ್ಯಮದ ಸ್ಪೀಡ್ ಬೋಟುಗಳಿಗೆ ಇದು ನೇರವಾಗಿ ತಟ್ಟುತ್ತದೆ. ಮಲ್ಪೆಯಲ್ಲೋ ಮುರ್ಡೇಶ್ವರದಲ್ಲೋ ಆರೇಳು ಮಂದಿಯನ್ನು ಕೂರಿಸಿಕೊಂಡು ಅಲೆ ಸೀಳುವ ಸಣ್ಣ ದೋಣಿಗೆ ಖಾಲಿ ಓಡಿಸಿ ಆರಿಸಿದ ಪ್ರೊಪೆಲ್ಲರ್ ಹಾಕಿದ್ದರೆ, ಜನ ತುಂಬಿದ ಕೂಡಲೇ ಎಂಜಿನ್ ಉಸಿರುಗಟ್ಟುತ್ತದೆ, ಮೂತಿ ಎದ್ದು ಚಾಲಕನಿಗೆ ಮುಂದಿನ ನೀರೇ ಕಾಣದಾಗುತ್ತದೆ. ಈ ದೋಣಿಗಳಿಗೆ ಟೆಂಡರ್ ಕರೆಯುವವರು ಇಂತಿಷ್ಟು ಎಚ್‌ಪಿ ಎಂದು ಬರೆಯುವ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಲಿ: ಪೂರ್ತಿ ಪ್ರಯಾಣಿಕರ ಹೊರೆಯಲ್ಲಿ, ಪೂರ್ತಿ ಥ್ರಾಟಲಿನಲ್ಲಿ, ಎಂಜಿನ್ ತಯಾರಕರು ಹೇಳಿದ ಆರ್‌ಪಿಎಂ ಮುಟ್ಟುವುದನ್ನು ನೀರಿನ ಮೇಲೆ ತೋರಿಸಬೇಕು, ಆಗ ಹಾಕಿದ್ದ ಪ್ರೊಪೆಲ್ಲರಿನ ವ್ಯಾಸ ಮತ್ತು ಪಿಚ್ಚನ್ನು ದಾಖಲೆಯಲ್ಲಿ ಬರೆಯಬೇಕು. ಪರೀಕ್ಷೆಗೆ ಒಂದು ಬೆಳಗಿನ ಹೊತ್ತು ಸಾಕು.